ಇದ್ದಕ್ಕಿದ್ದಂತೆ ಪಾದ ನೋವು: ಮೊದಲು ಚಪ್ಪಲಿ ಬಿಚ್ಚಿಸಿ

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ನಲವತ್ತೈದರ ಆಸುಪಾಸಿನ ಅಕ್ಕ ಒಬ್ಬರು ನಮ್ಮ ಆಸ್ಪತ್ರೆಗೆ ಬಂದಿದ್ದರು. ಚೀಟಿಯಲ್ಲಿ ‘ಎಡಗಾಲು ನೋವು, ನಾಲ್ಕು ದಿನ’ ಎಂದಷ್ಟೇ ಇತ್ತು. ಎಲ್ಲಿ ನೋವು ಅಂತ ಕೇಳಿದೆ. “ಇಡೀ ಪಾದಾನೇ ನೋಯ್ತೈತಿ” ಅಂದರು. ನಾನು ಅದನ್ನೇ ಬರೆದುಕೊಂಡೆ. ನಮ್ಮ ಡಾಕ್ಟರ್ ಮೇಡಂ ಬಂದು ಅವರ ಚಪ್ಪಲಿ ಬಿಚ್ಚಿಸಿ, ಮಂಚದ ಮೇಲೆ ಕೂರಿಸಿ, “ಒಂದೇ ಬೆರಳಲ್ಲಿ ಮುಟ್ಟಿ ತೋರ್ಸಿ ಅಕ್ಕ” ಅಂದರು. ಬೆರಳು ನೇರವಾಗಿ ಹಿಮ್ಮಡಿಯ ಒಳಮಗ್ಗುಲಿಗೆ, ಅಂಗಾಲಿನ ಕಮಾನು ಶುರುವಾಗುವ ಜಾಗಕ್ಕೆ ಹೋಯಿತು.

“ಯಾವ ಹೊತ್ತಿಗೆ ಜಾಸ್ತಿ?”

“ಮುಂಜಾನೆ ಎದ್ದು ಕಾಲು ಊರಾಕ ಆಗಲ್ಲ ಮೇಡಂ, ಮೊಳೆ ಚುಚ್ಚಿದಂಗ ಆಗ್ತೈತಿ. ಅಡಿಗಿಮನಿ ತನಕ ನಡಿಯೋದ್ರಾಗ ಕಡಿಮಿ ಆಗ್ತೈತಿ.”

ಕಾಯಿಲೆ ಯಾವುದು ಎಂಬುದು ಅಲ್ಲಿಗೆ ಬಹುಪಾಲು ಗೊತ್ತಾಗಿತ್ತು, ಎಕ್ಸ್‌ರೇ ಬರೆಯುವ ಮೊದಲೇ. ದಾವಣಗೆರೆಯಲ್ಲಿ ವೈದ್ಯಕೀಯ ಕಲಿಕೆಯ ಪೋಸ್ಟಿಂಗ್ ಮುಗಿಸುವ ಹೊತ್ತಿಗೆ ನನಗೆ ಮನದಟ್ಟಾದದ್ದು ಇದು: ‘ಇದ್ದಕ್ಕಿದ್ದಂತೆ, ಕಾರಣವೇ ಇಲ್ಲದೆ’ ಬಂದ ಪಾದ ನೋವಿಗೆ ಕಾರಣ ಸಾಮಾನ್ಯವಾಗಿ ಇದ್ದೇ ಇರುತ್ತದೆ, ರೋಗಿಗೆ ಅದು ಕಾರಣ ಅನ್ನಿಸಿರುವುದಿಲ್ಲ ಅಷ್ಟೇ. ಪಾದದಲ್ಲಿ 26 ಮೂಳೆಗಳು, 33 ಕೀಲುಗಳು, ಅವನ್ನು ಹಿಡಿದಿಡುವ ನೂರಕ್ಕೂ ಹೆಚ್ಚು ಸ್ನಾಯು, ಸ್ನಾಯುರಜ್ಜು, ಅಸ್ಥಿಬಂಧಗಳಿವೆ. ಅಷ್ಟಕ್ಕೂ ಸೇರಿ ಜನ ಹೇಳುವುದು ‘ಕಾಲು ನೋವು’ ಎಂಬ ಎರಡೇ ಪದ. ನೋವು ಎಲ್ಲಿ, ಯಾವ ಹೊತ್ತಿಗೆ, ಅದಕ್ಕೂ ಹಿಂದಿನ ಎರಡು ಮೂರು ವಾರದಲ್ಲಿ ಏನು ಬದಲಾಯಿತು ಎಂದು ಬಿಡಿಸಿ ಕೇಳುವ ಕೆಲಸ ನಮ್ಮದು.

ಎಲ್ಲಕ್ಕಿಂತ ಮೊದಲು: ಎರಡೂ ಪಾದ ಮುಟ್ಟಿ ನೋಡುವುದು

ಪ್ರಶ್ನೆಗಳಿಗೂ ಮೊದಲು ಒಂದು ಕೆಲಸವಿದೆ, ಅದಕ್ಕೆ ಒಂದು ನಿಮಿಷ ಸಾಕು. ಎರಡೂ ಪಾದದ ಮೇಲೆ ಅಂಗೈ ಇಟ್ಟು ಬಿಸಿ ತಣ್ಣಗೆ ಹೋಲಿಸಿ. ಆಮೇಲೆ ನಾಡಿ ಹುಡುಕಿ. ಪಾದದ ಮೇಲ್ಭಾಗದಲ್ಲಿ ಹೆಬ್ಬೆರಳನ್ನು ಮೇಲಕ್ಕೆತ್ತುವ ರಜ್ಜು ಹಗ್ಗದ ಹಾಗೆ ಎದ್ದು ಕಾಣುತ್ತದಲ್ಲ, ಅದರ ಹೊರಪಕ್ಕಕ್ಕೆ ಒಂದು ನಾಡಿ ಸಿಗುತ್ತದೆ. ಇನ್ನೊಂದು ಒಳಗಿಣ್ಣಿನ ಹಿಂದೆ. ಮೇಲಿನ ನಾಡಿ ಆರೋಗ್ಯವಂತರಲ್ಲೂ ಕೆಲವರಿಗೆ ಕೈಗೆ ಸಿಗುವುದಿಲ್ಲ. ಗಿಣ್ಣಿನ ಹಿಂದಿನದೂ ಸಿಗದಿದ್ದರೆ, ಜೊತೆಗೆ ಪಾದ ತಣ್ಣಗಿದ್ದರೆ, ಹಿರಿಯ ವೈದ್ಯರನ್ನು ತಕ್ಷಣ ಕರೆಯಬೇಕು.

ಯಾಕೆಂದರೆ ಪಾದ ನೋವಿನಲ್ಲಿ ಗಂಟೆಗಳ ಲೆಕ್ಕದಲ್ಲಿ ಕಾಲನ್ನೇ ಕಳೆಯುವ ಸ್ಥಿತಿ ಇದು. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತ ನಿಂತರೆ ತೀವ್ರ ನೋವು, ಬಿಳಿಚಿದ ಚರ್ಮ, ಸಿಗದ ನಾಡಿ, ತಣ್ಣಗಾದ ಪಾದ, ಜೋಮು, ಕೊನೆಗೆ ಬೆರಳು ಆಡಿಸಲಾಗದ ಸ್ಥಿತಿ ಬರುತ್ತವೆ. ಕೊನೆಯ ಎರಡು ಕಂಡರೆ ನರ ಮತ್ತು ಸ್ನಾಯು ಸಾಯಲು ಶುರುವಾಗಿವೆ ಎಂದರ್ಥ. ಸುಮಾರು 6 ಗಂಟೆಯೊಳಗೆ ರಕ್ತ ಮತ್ತೆ ಹರಿಯುವಂತಾದರೆ ಕಾಲು ಉಳಿಯುವ ಸಾಧ್ಯತೆ ಹೆಚ್ಚು. ಹೃದಯದ ಬಡಿತ ತಾಳ ತಪ್ಪಿದವರಲ್ಲಿ, ಚಿಕ್ಕಂದಿನ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ ಹೆಪ್ಪು ಹೃದಯದಿಂದಲೇ ಹೊರಟು ಬರುತ್ತದೆ. ಹಾಗಾಗಿ ಪಾದ ನೋವಿನವರ ಮಣಿಕಟ್ಟಿನ ನಾಡಿಯನ್ನೂ ಹಿಡಿಯಿರಿ.

ಇದರ ನಿಧಾನ ರೂಪ ನಮ್ಮ ಕಡೆ ಬೀಡಿ ಸೇದುವವರಲ್ಲಿ ಕಾಣುತ್ತದೆ. ವಯಸ್ಸು ನಲವತ್ತೈದು ದಾಟಿರದ ಗಂಡಸು, ನಡೆದರೆ ಅಂಗಾಲು ಅಥವಾ ಮೀನಖಂಡ ಹಿಡಿದುಕೊಳ್ಳುವುದು, ನಿಂತರೆ ಬಿಡುವುದು, ರಾತ್ರಿ ಮಲಗಿದಾಗ ಬೆರಳುಗಳಲ್ಲಿ ತಡೆಯಲಾಗದ ನೋವು. ಮಂಚದಿಂದ ಕಾಲು ಇಳಿಬಿಟ್ಟು ಕೂತರೆ ಕೊಂಚ ಸಮಾಧಾನ. ‘ರಾತ್ರಿ ಕಾಲು ಇಳಿಬಿಟ್ಕೊಂಡ್ ಕೂರ್ತೀನಿ’ ಅನ್ನುವ ಮಾತನ್ನು ಎಂದೂ ಹಗುರಾಗಿ ತೆಗೆದುಕೊಳ್ಳಬೇಡಿ. ಬರ್ಗರ್ ಕಾಯಿಲೆ ಎಂಬ ಇದಕ್ಕೆ ಬೀಡಿ, ಸಿಗರೇಟು, ತಂಬಾಕು ಪೂರ್ತಿ ಬಿಡುವುದೇ ಮುಖ್ಯ ಚಿಕಿತ್ಸೆ. ದಿನಕ್ಕೆ ಎರಡಕ್ಕೆ ಇಳಿಸಿದ್ದೇನೆ ಅಂದರೆ ಸಾಲದು.

ನಡುರಾತ್ರಿ ಎಬ್ಬಿಸುವ ಹೆಬ್ಬೆರಳು

ದುಗ್ಗಮ್ಮನ ಜಾತ್ರೆಯ ಬಾಡೂಟ ಉಂಡು ಮಲಗಿದವರು ಬೆಳಗಿನ ಜಾವ ಹೆಬ್ಬೆರಳು ಹಿಡಿದುಕೊಂಡು ಏಳುತ್ತಾರೆ. ಬುಡದ ಕೀಲು ಕೆಂಪಗೆ ಊದಿ ಮಿರಮಿರ ಹೊಳೆಯುತ್ತದೆ. ಹೊದಿಕೆಯ ಅಂಚು ತಾಗಿದರೂ ಜೀವ ಹೋದಂತಾಗುತ್ತದೆ. ಇದು ಗೌಟ್. ಪಾದದ ನೋವುಗಳಲ್ಲಿ ‘ಇದ್ದಕ್ಕಿದ್ದಂತೆ’ ಎಂಬ ಮಾತು ಅಕ್ಷರಶಃ ಒಪ್ಪುವುದು ಇದಕ್ಕೆ: ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ನೋವು ತುದಿ ಮುಟ್ಟುತ್ತದೆ, ಚಿಕಿತ್ಸೆ ಇಲ್ಲದಿದ್ದರೂ ವಾರ ಎರಡು ವಾರದಲ್ಲಿ ತಾನೇ ಇಳಿಯುತ್ತದೆ. ತಾನೇ ಇಳಿಯುವುದರಿಂದಲೇ ಜನ ಅದನ್ನು ಉಳುಕು ಅಂದುಕೊಂಡು ಮರೆತುಬಿಡುತ್ತಾರೆ.

ಒಳಗೆ ನಡೆಯುವುದೇನು? ರಕ್ತದಲ್ಲಿ ಯೂರಿಕ್ ಆಮ್ಲ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಕರಗಿರಲಾರದೆ ಸೂಜಿಯಂಥ ಹರಳಾಗುತ್ತದೆ. ದೇಹದ ತುದಿಯ ಭಾಗಗಳು ತಣ್ಣಗಿರುತ್ತವೆ, ತಣ್ಣಗಿರುವಲ್ಲಿ ಹರಳು ಸುಲಭವಾಗಿ ಕಟ್ಟುತ್ತದೆ. ಬಿಸಿ ಸಕ್ಕರೆ ಪಾಕ ತಣ್ಣಗಾದಾಗ ಹರಳುಗಟ್ಟುವುದನ್ನು ನೆನೆದರೆ ಹೆಬ್ಬೆರಳೇ ಯಾಕೆ ಎಂಬುದು ಮರೆಯುವುದಿಲ್ಲ. ಮಾಂಸ, ಬಿಯರ್ ಅಷ್ಟೇ ಕಾರಣವಲ್ಲ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಕಡಿಮೆ ಪ್ರಮಾಣದ ಆಸ್ಪಿರಿನ್, ಮೂತ್ರಪಿಂಡದ ತೊಂದರೆ, ಭಟ್ಟಿಯ ಶಾಖದಲ್ಲಿ ಬೆವರಿ ನೀರು ಕುಡಿಯದಿರುವುದು ಎಲ್ಲವೂ ಸೇರುತ್ತವೆ.

ಪರೀಕ್ಷೆಯಲ್ಲೂ ವಾರ್ಡಿನಲ್ಲೂ ನಾವು ಎಡವುವುದು ಇಲ್ಲಿ: ನೋವು ಎದ್ದ ದಿನ ರಕ್ತದಲ್ಲಿ ಯೂರಿಕ್ ಆಮ್ಲ ಸಹಜ ಮಟ್ಟದಲ್ಲೇ ಕಾಣಬಹುದು. ಸಹಜ ಇದೆ ಎಂದು ಗೌಟ್ ಅಲ್ಲ ಅನ್ನಬಾರದು, ಎರಡು ವಾರ ಕಳೆದು ಮತ್ತೆ ನೋಡಬೇಕು. ಹಾಗೆಯೇ ಹೆಚ್ಚಿದೆ ಎಂದಮಾತ್ರಕ್ಕೆ ಗೌಟ್ ಎಂದೂ ಅಲ್ಲ. ಜ್ವರ ಇದ್ದು ಒಂದೇ ಕೀಲು ಊದಿದ್ದರೆ ಅದರೊಳಗೆ ಕೀವು ಇರಬಹುದು. ಕೀಲಿನ ನೀರು ತೆಗೆದು ನೋಡದೆ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಹಿಮ್ಮಡಿ: ಮತ್ತೆ ಆ ಭಟ್ಟಿಯ ಅಕ್ಕ

ಅವರದು ಪ್ಲಾಂಟಾರ್ ಫೇಶಿಯೈಟಿಸ್. ಹಿಮ್ಮಡಿ ಮೂಳೆಯಿಂದ ಬೆರಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಒಂದು ಗಟ್ಟಿ ಪಟ್ಟಿ ಇದೆ, ಬಿಲ್ಲಿಗೆ ಹೆದೆ ಇದ್ದ ಹಾಗೆ. ಕಮಾನು ಕುಸಿಯದಂತೆ ಹಿಡಿದಿಡುವುದು ಅದೇ. ರಾತ್ರಿ ಪಾದ ಇಳಿಬಿದ್ದ ಸ್ಥಿತಿಯಲ್ಲಿ ಪಟ್ಟಿ ಮುದುಡಿಕೊಂಡಿರುತ್ತದೆ. ಬೆಳಗಿನ ಮೊದಲ ಹೆಜ್ಜೆ ಅದನ್ನು ಒಮ್ಮೆಲೇ ಎಳೆಯುತ್ತದೆ, ಮೊಳೆ ಚುಚ್ಚಿದ ನೋವು ಆ ಎಳೆತದ್ದು. ಹೆಬ್ಬೆರಳನ್ನು ಮೇಲಕ್ಕೆ ಮಡಿಸಿದಾಗ ಹಿಮ್ಮಡಿಯಲ್ಲಿ ನೋವೆದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ನೋವು ಏಳದಿದ್ದರೆ ಕಾಯಿಲೆ ಇಲ್ಲ ಎಂದಲ್ಲ.

ಏನು ಬದಲಾಯಿತು ಎಂದು ಕೇಳಿದಾಗ ಮೊದಲು ಏನೂ ಇಲ್ಲ ಅಂದರು. ಬಿಡಿಸಿ ಕೇಳಿದರೆ ಜೊತೆಗಾತಿ ರಜೆ ಹಾಕಿದ್ದರಿಂದ ಎರಡು ವಾರ ಎರಡು ಪಾಳಿ ನಿಂತಿದ್ದರು, ಚಪ್ಪಲಿಯ ಹಿಮ್ಮಡಿ ಸವೆದು ಕಾಗದದಷ್ಟಾಗಿತ್ತು. ಅವರ ಚಪ್ಪಲಿಯನ್ನು ಬೆಳಕಿಗೆ ಹಿಡಿದಾಗ ಸವೆದ ಜಾಗದಲ್ಲಿ ಬೆಳಕು ಕಂಡಿತು. ಅಲ್ಲಿಂದೀಚೆಗೆ ನಾನು ರೋಗಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನೋಡದೆ ಬಿಡುವುದಿಲ್ಲ. ಎಂದೂ ಹೆಚ್ಚು ನಡೆಯದವರು ಭಾನುವಾರ ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಕಲ್ಲು ಮೆಟ್ಟಿಲು ಹತ್ತಿಳಿದು ಸೋಮವಾರ ಕುಂಟುವುದೂ ಇದೇ ಲೆಕ್ಕ.

ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮುಳ್ಳು, ಅಂದರೆ ಮೂಳೆಯ ಚಿಕ್ಕ ಚಾಚು, ಕಂಡರೆ ರೋಗಿಗಳು ಹೆದರಿಬಿಡುತ್ತಾರೆ. ನೋವಿಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಅದಿರುತ್ತದೆ. ಅದನ್ನು ಕೊಯ್ದು ತೆಗೆಯಬೇಕೇ ಎಂಬ ಪ್ರಶ್ನೆಗೆ ಸಮಾಧಾನದಿಂದ ಉತ್ತರಿಸಿ. ಮೀನಖಂಡವನ್ನೂ ಅಂಗಾಲನ್ನೂ ಎಳೆಯುವ ವ್ಯಾಯಾಮ, ಮೆತ್ತನೆ ಹಿಮ್ಮಡಿಯ ಪಾದರಕ್ಷೆ, ಮನೆಯೊಳಗೂ ಬರಿಗಾಲಲ್ಲಿ ನಡೆಯದಿರುವುದು, ಸಂಜೆ ತಣ್ಣೀರಿನ ಬಾಟಲಿಯನ್ನು ಅಂಗಾಲಡಿ ಉರುಳಿಸುವುದು: ಇಷ್ಟರಲ್ಲೇ ಹೆಚ್ಚಿನವರು ವರ್ಷದೊಳಗೆ ಸುಧಾರಿಸುತ್ತಾರೆ. ವರ್ಷ ಅಂದಾಗ ಅವರ ಮುಖ ಬಾಡುತ್ತದೆ, ಆದರೂ ಮುಂಚೆಯೇ ಹೇಳಬೇಕು. ಇಲ್ಲದಿದ್ದರೆ ಎರಡನೇ ವಾರಕ್ಕೇ ಇಂಜೆಕ್ಷನ್ ಹುಡುಕಿಕೊಂಡು ಹೋಗುತ್ತಾರೆ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಟ್ಟರೂ ಪಟ್ಟಿ ಹರಿಯುವ ಅಪಾಯ ತರುತ್ತದೆ.

ನೋವು ಹಿಮ್ಮಡಿಯ ತಳದಲ್ಲಲ್ಲ, ಹಿಂದೆ ಇದ್ದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ರಜ್ಜುವನ್ನು ನೋಡಿ. ‘ಹಿಂದಿನಿಂದ ಯಾರೋ ಒದ್ದಂಗಾತು, ತಿರುಗಿ ನೋಡಿದ್ರೆ ಯಾರೂ ಇಲ್ಲ’ ಅಂದರೆ ಅದು ಹರಿದಿರಬಹುದು. ಬೋರಲು ಮಲಗಿಸಿ ಮೀನಖಂಡ ಹಿಂಡಿದಾಗ ಪಾದ ಕದಲದಿದ್ದರೆ ಹರಿದಿರುವುದು ಬಹುತೇಕ ಖಚಿತ. ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಆಂಟಿಬಯಾಟಿಕ್ ಇತ್ತೀಚೆಗೆ ತೆಗೆದುಕೊಂಡಿದ್ದರೇ ಎಂದು ಕೇಳುವುದನ್ನು ಮರೆಯಬೇಡಿ.

ಶುಗರ್ ಇದ್ದವರ ಪಾದ

ಇಲ್ಲಿ ಲೆಕ್ಕ ತಲೆಕೆಳಗು. ನೋವು ಕಡಿಮೆ ಇದ್ದಷ್ಟೂ ನಾವು ಹೆಚ್ಚು ಎಚ್ಚರ ವಹಿಸಬೇಕು. ಹಿಮ್ಮಡಿ ನೋವಿಗೆ ನಮ್ಮ ಕಡೆ ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಸಿ ಶಾಖ ಕೊಡುವ ರೂಢಿಯಿದೆ. ಅಂಗಾಲಿನ ಸ್ಪರ್ಶಜ್ಞಾನ ಹೋದವರು ಹಾಗೆ ಕಾಲಿಟ್ಟರೆ ಚರ್ಮ ಬೆಂದದ್ದೂ ತಿಳಿಯುವುದಿಲ್ಲ. ಬೇಸಿಗೆ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಬಂದ ಅಜ್ಜಿಯೊಬ್ಬರ ಎರಡೂ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಅವರು ಬಂದದ್ದು ಬೊಬ್ಬೆಗಲ್ಲ, ‘ಇರುವೆ ಹರಿದಂಗ ಆಗ್ತೈತಿ’ ಎಂಬ ಜೋಮಿಗೆ. ಬೊಬ್ಬೆ ಕಂಡದ್ದು ಪಾದ ಎತ್ತಿ ನೋಡಿದ್ದಕ್ಕೆ. ಸ್ಪರ್ಶ ಪರೀಕ್ಷಿಸುವ 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಬಾಗುವಷ್ಟು ಒತ್ತಿದಾಗ ಅವರಿಗೆ ಒಂದು ಕಡೆಯೂ ತಿಳಿಯಲಿಲ್ಲ.

ಇಂಥವರಲ್ಲಿ ಒಂದು ಪಾದ ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿದರೆ ಮೊದಲು ತಲೆಗೆ ಬರುವುದು ಸೋಂಕು. ಶಾರ್ಕೊ ಪಾದವೂ ಇರಬಹುದು: ನೋವು ತಿಳಿಯದೆ ನಡೆಯುತ್ತಾ ನಡೆಯುತ್ತಾ ಮೂಳೆ, ಕೀಲುಗಳು ಒಳಗೇ ಮುರಿದು ಜಾರುವ ಸ್ಥಿತಿ. ಆರಂಭದಲ್ಲಿ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದು. ಇನ್ನೊಂದು ಪಾದಕ್ಕಿಂತ ಚರ್ಮ 2 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಇದ್ದರೆ, ಮಲಗಿಸಿ ಕಾಲು ಎತ್ತಿ ಹಿಡಿದಾಗ ಕೆಂಪು ಇಳಿದರೆ ಶಾರ್ಕೊ ಕಡೆಗೆ ವಾಲಿ. ಭಾರ ಹಾಕದಂತೆ ತಕ್ಷಣ ಪ್ಲಾಸ್ಟರ್ ಹಾಕಿಸದಿದ್ದರೆ ಕಮಾನು ಕುಸಿದು ಅಂಗಾಲು ದೋಣಿಯ ತಳದಂತಾಗುತ್ತದೆ, ಆಮೇಲೆ ಹುಣ್ಣು.

ಮುಳ್ಳು

ಜಗಳೂರು, ಚಳ್ಳಕೆರೆ ಕಡೆಯಿಂದ ಕುರಿ ಕಾಯುವವರು, ಹೊಲದ ಕೆಲಸದವರು ಬಂದರೆ ಬಳ್ಳಾರಿ ಜಾಲಿಯನ್ನು ನೆನೆಯಿರಿ. ಮುಳ್ಳು ಚುಚ್ಚಿತು, ಕಿತ್ತರು, ಮರೆತರು. ತುದಿ ಒಳಗೇ ಮುರಿದಿರುತ್ತದೆ. ಗಾಯ ಮುಚ್ಚಿ ವಾರಗಳ ಮೇಲೆ ಪಕ್ಕದ ಕೀಲು ಊದಿದಾಗ ಅವರಿಗೆ ಅದು ಕಾರಣವಿಲ್ಲದ ನೋವು. ಎಕ್ಸ್‌ರೇಯಲ್ಲಿ ಮುಳ್ಳು ಸಾಮಾನ್ಯವಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡಿನಲ್ಲಿ ಕಾಣುತ್ತದೆ. ಧನುರ್ವಾಯು ತಡೆಯುವ ಚುಚ್ಚುಮದ್ದಿನ ವಿಚಾರವನ್ನೂ ಕೇಳಿ. ನೋವಿಲ್ಲದ ಗಡ್ಡೆ, ಅದರಲ್ಲಿ ರಂಧ್ರ, ರಂಧ್ರದಿಂದ ಕಾಳಿನಂಥ ಕಣಗಳು ಬರುತ್ತಿದ್ದರೆ ಅದು ಮೈಸಿಟೋಮ ಎಂಬ ಸೋಂಕು, 19ನೇ ಶತಮಾನದಲ್ಲಿ ಮಧುರೈನಲ್ಲಿ ಗುರುತಿಸಿದ್ದರಿಂದ ಮಧುರಾ ಪಾದ ಎಂದೂ ಹೆಸರು.

ಉಳಿದವು ಚುಟುಕಾಗಿ. ಎರಡೂ ಪಾದ, ಗಿಣ್ಣು, ಕೈಬೆರಳು ಒಟ್ಟಿಗೇ ಜ್ವರದ ಜೊತೆ ಹಿಡಿದುಕೊಂಡರೆ ಚಿಕುನ್‌ಗುನ್ಯಾ. 2006ರಲ್ಲಿ ರಾಜ್ಯದ ಊರೂರೇ ಅದರಿಂದ ಹಾಸಿಗೆ ಹಿಡಿದದ್ದನ್ನು ಮನೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಪಾದವನ್ನು ಎಲ್ಲಿ ಒತ್ತಿದರೂ ನೋವಿಲ್ಲ, ಆದರೆ ಪಾದ ಉರಿಯುತ್ತದೆ ಅಂದರೆ ಸೊಂಟಕ್ಕೆ ಹೋಗಿ: ಐದನೇ ಸೊಂಟದ ನರ ಹೆಬ್ಬೆರಳ ಕಡೆಗೆ, ಅದರ ಕೆಳಗಿನದು ಪಾದದ ಹೊರಅಂಚಿಗೆ ನೋವು ಕಳಿಸುತ್ತದೆ. ಮೂರನೇ ನಾಲ್ಕನೇ ಬೆರಳ ನಡುವೆ ಹರಳು ಸಿಕ್ಕಿದಂತೆ ಅನ್ನಿಸಿದರೆ ಅಲ್ಲಿನ ನರ ದಪ್ಪಗಾಗುವ ಮಾರ್ಟನ್ ನ್ಯೂರೋಮ. ಆಡುವ ಮಕ್ಕಳ ಹಿಮ್ಮಡಿ ನೋವು ಹೆಚ್ಚಾಗಿ ಬೆಳೆಯುವ ಮೂಳೆಯದು, ವಿಶ್ರಾಂತಿಯಿಂದ ಹೋಗುತ್ತದೆ.

ಎಕ್ಸ್‌ರೇ ಸರಿಯಿದ್ದ ಹುಡುಗ

ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಾಗುತ್ತಿದ್ದ ಇಪ್ಪತ್ತೆರಡರ ಹುಡುಗ. 1600 ಮೀಟರ್ ಓಟಕ್ಕೆಂದು ತಿಂಗಳಿಂದ ಬೆಳಿಗ್ಗೆ ಸಂಜೆ ಹೈಸ್ಕೂಲ್ ಮೈದಾನದಲ್ಲಿ ಓಡುತ್ತಿದ್ದ. ಬಿದ್ದಿಲ್ಲ, ಉಳುಕಿಲ್ಲ, ಒಂದು ದಿನ ಓಡುತ್ತಲೇ ಮುಂಗಾಲು ಹಿಡಿದುಕೊಂಡಿತು. ಬೇರೆ ಕಡೆ ತೋರಿಸಿದ್ದ. ಎಕ್ಸ್‌ರೇ ಸರಿಯಿದೆ, ಓಡಬಹುದು ಅಂದಿದ್ದರಂತೆ. ಮತ್ತೆ ಓಡಿದ, ನೋವು ಹೆಚ್ಚಾಯಿತು. ಒಂದೇ ಬೆರಳಲ್ಲಿ ತೋರಿಸು ಅಂದಾಗ ಎರಡನೇ ಬೆರಳಿನ ಹಿಂದಿನ ಮೂಳೆಯ ನಡುಭಾಗ ಮುಟ್ಟಿದ. ನಾನು ಅಲ್ಲಿ ಮೆಲ್ಲಗೆ ಒತ್ತಿದರೆ ಕಾಲು ಸೆಳೆದುಕೊಂಡ, ಅರ್ಧ ಇಂಚು ಆಚೆ ಒತ್ತಿದರೆ ಏನೂ ಇಲ್ಲ.

ಬಡಿತದ ಮೇಲೆ ಬಡಿತ ಬಿದ್ದು ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಡುವ ಇದನ್ನು 1855ರಲ್ಲಿ ಪ್ರಷ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ಸೈನಿಕರ ಪಾದಗಳಲ್ಲಿ ಗುರುತಿಸಿದ. ಆಗ ಎಕ್ಸ್‌ರೇಯೇ ಇರಲಿಲ್ಲ, ಆತ ಕೈಯಿಂದ ಮುಟ್ಟಿ ಕಂಡದ್ದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದಿರುವುದೇ ಹೆಚ್ಚು. ಎಂಆರ್‌ಐಯಲ್ಲಿ ಬೇಗ ಕಾಣುತ್ತದೆ, ಆದರೆ ಆ ಮನೆಯವರಿಗೆ ಅದರ ಖರ್ಚು ಭಾರ. ಮೇಡಂ ಚೀಟಿಯಲ್ಲಿ ‘ಬಿರುಕಿನ ಅನುಮಾನ, ಓಟ ನಿಲ್ಲಿಸಿ, ಗಟ್ಟಿ ತಳದ ಬೂಟು, ಎರಡು ವಾರಕ್ಕೆ ಮತ್ತೆ ಎಕ್ಸ್‌ರೇ’ ಎಂದು ಬರೆದರು. ಹುಡುಗ ಬೇಸರದಿಂದಲೇ ಹೋದ.

ಹೇಳಿದ ದಿನಕ್ಕೆ ಬಂದ. ಹೊಸ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಾಗ ಎರಡನೇ ಮೂಳೆಯ ಸುತ್ತ, ಅವನು ಬೆರಳಿಟ್ಟಿದ್ದ ಜಾಗದಲ್ಲೇ, ಹತ್ತಿಯ ಎಳೆಯಂತೆ ಮಸುಕಾದ ಬಿಳಿ ಕಾಣಿಸುತ್ತಿತ್ತು. ಮೂಳೆ ತನ್ನನ್ನು ತಾನೇ ಬೆಸೆದುಕೊಳ್ಳುತ್ತಿತ್ತು.