ಬರೀ ಕರೆಂಟ್ ಇಡಿಸ್ಕೊಂಡ್ರೆ ಸಾಕಾ? ಫಿಸಿಯೋಥೆರಪಿ ಯಾರಿಗೆ ಬೇಕು, ಯಾರಿಗೆ ಬೇಡ

ಕ್ಲಿನಿಕ್ಕಿಗೆ ಮೊದಲ್ನೇ ಸಲ ಬರೋರಲ್ಲಿ ತುಂಬಾ ಜನ ಕೂತ ತಕ್ಷಣ ಕೇಳೋದು "ಮೇಡಂ, ಎಷ್ಟು ದಿನ ಕರೆಂಟ್ ಇಡಿಸ್ಬೇಕು?" ಅಂತ. ಪಕ್ಕದ್ಮನೆಯವ್ರಿಗೆ ಹತ್ತು ದಿನ ಇಟ್ರಂತೆ, ಅತ್ತಿಗೆಗೆ ಹದಿನೈದು ದಿನ ಇಟ್ರಂತೆ, ಹಂಗಾಗಿ ಫಿಸಿಯೋಥೆರಪಿ ಅಂದ್ರೆ ಮಂಚದ ಮೇಲೆ ಮಲಗೋದು, ಪ್ಯಾಡ್ ಅಂಟಿಸೋದು, ಇಪ್ಪತ್ತು ನಿಮಿಷ ಜುಮು ಜುಮು ಅನ್ನಿಸ್ಕೊಂಡು ಎದ್ದು ಮನೆಗೆ ಹೋಗೋದು ಅಂತ ಎಲ್ರ ತಲೇಲೂ ಕೂತ್ಬಿಟ್ಟಿದೆ. ಇದಕ್ಕೆ ಜನರನ್ನ ದೂರೋಕ್ಕಾಗಲ್ಲ, ಎಷ್ಟೋ ಕಡೆ ನಮ್ಮವ್ರು ಕೊಡ್ತಿರೋದೇ ಅಷ್ಟು, ಅದು ನಂಗೆ ತುಂಬಾ ಬೇಜಾರಾಗೋ ವಿಷ್ಯ.

ಟೆನ್ಸ್, ಐಎಫ್‌ಟಿ (ಎರಡೂ ಪ್ಯಾಡ್ ಅಂಟಿಸಿ ಕೊಡೋ ಕರೆಂಟೇ), ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ನೋವಿರೋ ಜಾಗಕ್ಕೆ ಶಬ್ದದ ಅಲೆ ಹಾಯಿಸೋ ಮಷೀನ್), ವ್ಯಾಕ್ಸ್ (ಬಿಸಿ ಮೇಣದ ಶಾಖ) ಇವೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕೆಲವ್ರಿಗೆ ಒಂದಷ್ಟು ಹೊತ್ತು ನೋವು ಕಮ್ಮಿ ಆಗತ್ತೆ, ಆ ಹೊತ್ತಲ್ಲಿ ವ್ಯಾಯಾಮ ಮಾಡಿಸೋಕ್ಕೆ ಅನುಕೂಲ ಆಗತ್ತೆ, ಅಷ್ಟೇ ಅದರ ಕೆಲಸ. ಸೋತಿರೋ ಸ್ನಾಯುಗೆ ಶಕ್ತಿ ತುಂಬೋದು, ಬಿಗಿದಿರೋ ಕೀಲು ಬಿಡಿಸೋದು, ಬ್ಯಾಲೆನ್ಸ್ ವಾಪಸ್ ತರೋದು, ಇದ್ಯಾವ್ದೂ ಮಲಗಿದ್ರೆ ಆಗಲ್ಲ, ನೀವೇ ಮಾಡ್ಬೇಕು, ಮನೇಲೂ ಮಾಡ್ಬೇಕು. ಹಾಗಾಗಿ ಫಿಸಿಯೋಥೆರಪಿ ನನಗೆ ಸರಿಹೋಗತ್ತಾ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಕಾಯಿಲೆ ಹೆಸರು ಕೇಳಲ್ಲ, ನಿಮಗೆ ಈಗ ಏನ್ ಮಾಡೋಕ್ಕೆ ಆಗ್ತಿಲ್ಲ ಅಂತ ಕೇಳ್ತೀನಿ.

ಒಬ್ರು ಅಮ್ಮ ಬಂದಿದ್ರು, ವಯಸ್ಸು 62, ಎರಡೂ ಮಂಡಿ ನೋವು, ಕೈಯಲ್ಲಿ ಎಕ್ಸ್‌ರೇ. "ಚಿಪ್ಪು ಸವೆದೋಗಿದೆ ಅಂದ್ರಮ್ಮ, ಇನ್ನೇನು ಆಗಲ್ವಂತೆ" ಅಂದ್ರು. ಏನ್ ಕಷ್ಟ ಆಗ್ತಿದೆ ಅಂದ್ರೆ ಸ್ವಲ್ಪ ಹೊತ್ತು ಸುಮ್ನಿದ್ದು, ಹೆಂಗಸ್ರಿಗೆ ಬಸ್ ಫ್ರೀ ಆದಾಗಿಂದ ಓರಗೆಯವ್ರೆಲ್ಲ ಧರ್ಮಸ್ಥಳ, ಹೊರನಾಡು ಅಂತ ಸುತ್ತಿ ಬರ್ತಿದಾರೆ, ನಾನು ಬಸ್ಸಿನ ಮೊದಲ್ನೇ ಮೆಟ್ಲು ಹತ್ತಕ್ಕಾಗದೆ ಮನೇಲೇ ಉಳ್ಕೊಂಡಿದೀನಿ ಅಂದ್ರು. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನಲ್ಲಿ, ಇವ್ರು ಒಂದ್ಸಲಾನೂ ಹೋಗಿರ್ಲಿಲ್ಲ. ನಂಗೆ ಎಕ್ಸ್‌ರೇಗಿಂತ ಈ ಮಾತೇ ಹೆಚ್ಚು ಉಪಯೋಗಕ್ಕೆ ಬಂತು, ಯಾಕಂದ್ರೆ ಬಸ್ ಮೆಟ್ಲು ಹತ್ತೋಕ್ಕೆ ಏನೇನು ಬೇಕು ಅಂತ ಲೆಕ್ಕ ಹಾಕ್ಬಹುದು: ಮಂಡಿ ಇಷ್ಟು ಬಾಗ್ಬೇಕು, ತೊಡೆ ಮುಂಭಾಗದ ಸ್ನಾಯು, ಸೊಂಟದ ಹಿಂದಿನ ಸ್ನಾಯು ಎರಡೂ ಸೇರಿ ಇಡೀ ಮೈ ಭಾರನ ಒಂದೇ ಕಾಲಲ್ಲಿ ಮೇಲೆತ್ತಬೇಕು, ಕೈ ಕಂಬಿ ಹಿಡೀಬೇಕು, ಅಷ್ಟರಲ್ಲಿ ಬ್ಯಾಲೆನ್ಸ್ ತಪ್ಪಬಾರ್ದು.

ಕೈ ಇಲ್ಲದ ಕುರ್ಚಿ ಮೇಲೆ ಕೂರಿಸಿ, ಕೈ ಎರಡೂ ಎದೆ ಮೇಲೆ ಕಟ್ಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತೀರ ನೋಡೋಣ ಅಂದೆ. ಏಳು ಸಲ ಆಯ್ತು. 60ರಿಂದ 64 ವಯಸ್ಸಿನ ಹೆಂಗಸ್ರಿಗೆ 12ಕ್ಕಿಂತ ಕಮ್ಮಿ, ಗಂಡಸ್ರಿಗೆ 14ಕ್ಕಿಂತ ಕಮ್ಮಿ ಬಂದ್ರೆ ಕಾಲಲ್ಲಿ ಶಕ್ತಿ ಸಾಲದು, ಬೀಳೋ ಅಪಾಯ ಜಾಸ್ತಿ ಅಂತ ಲೆಕ್ಕ. (ಇದನ್ನ ನೀವೂ ಮನೇಲಿ ಮಾಡಿ ನೋಡ್ಬಹುದು, ಕುರ್ಚಿ ಗೋಡೆಗೆ ಒತ್ತಿಟ್ಟು, ಪಕ್ಕದಲ್ಲಿ ಯಾರಾದ್ರೂ ನಿಂತಿರ್ಲಿ.) ಅಂದ್ರೆ ಅವ್ರ ತೊಂದ್ರೆಯಲ್ಲಿ ಸವೆತದ ಪಾಲು ಒಂದಾದ್ರೆ, ನೋವಿಗೆ ಹೆದ್ರಿ ಎರಡು ವರ್ಷದಿಂದ ಓಡಾಟಾನೇ ಕಮ್ಮಿ ಮಾಡಿ ಕಾಲು ಸೋತಿರೋದು ಇನ್ನೊಂದು. ಸವೆತ ನಾನು ವಾಪಸ್ ತರೋಕ್ಕಾಗಲ್ಲ, ಅದನ್ನ ನೇರವಾಗೇ ಹೇಳ್ದೆ, ಶಕ್ತಿ ತರಬಹುದು.

ಶುರು ಮಾಡಿದ್ದು ತುಂಬಾ ಸಣ್ಣದರಿಂದ, ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಒತ್ತಿ ಹಿಡಿಯೋದು, ಆಮೇಲೆ ಎತ್ತರದ ಕುರ್ಚಿಯಿಂದ ಏಳೋದು, ಆಮೇಲೆ ಮಾಮೂಲಿ ಕುರ್ಚಿ, ಆಮೇಲೆ ಮನೆ ಹೊಸ್ತಿಲು ಎತ್ತರದ ಮೆಟ್ಲು. ವ್ಯಾಯಾಮ ಮಾಡೋವಾಗ ಸ್ವಲ್ಪ ನೋವಾದ್ರೆ ಹೆದ್ರಬೇಡಿ, ಮಾರನೇ ದಿನ ಬೆಳಗ್ಗೆ ಹೊತ್ತಿಗೆ ಮಾಮೂಲಿಗೆ ಬಂದ್ರೆ ಪರ್ವಾಗಿಲ್ಲ, ಮಂಡಿ ಊದ್ಕೊಂಡ್ರೆ ಅಥವಾ ನೋವು ಮಾರನೇ ದಿನಾನೂ ಹಂಗೇ ಇದ್ರೆ ಅವತ್ತು ಮಾಡಿದ್ದು ಜಾಸ್ತಿ ಆಯ್ತು ಅಂತ, ಕಮ್ಮಿ ಮಾಡಿ. ಇದು ಎಲ್ಲಾ ಮಂಡಿನೋವಿನವ್ರಿಗೂ ನಾನು ಹೇಳೋ ಮಾತು. ತೂಕದ ವಿಷ್ಯಾನೂ ಹೇಳ್ಲೇಬೇಕು, ಒಂದು ಕೆಜಿ ಇಳಿದ್ರೆ ನಡೆಯೋವಾಗ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಹತ್ತಿರ ಹತ್ತಿರ ನಾಲ್ಕು ಕೆಜಿ ಭಾರ ಕಮ್ಮಿ ಆಗತ್ತೆ. ಸುಮಾರು ಮೂರು ತಿಂಗಳಾದ್ಮೇಲೆ ಅವ್ರು 30 ಸೆಕೆಂಡಿಗೆ ಹನ್ನೊಂದು ಸಲ ಎದ್ದು ಕೂತ್ರು. ಮಂಡಿನೋವು ಪೂರ್ತಿ ಹೋಗ್ಲಿಲ್ಲ. ಬಸ್ ಹತ್ತಿದ್ರು.

ಇದನ್ನ ಇಷ್ಟು ಉದ್ದ ಬರೆದಿದ್ದು ಯಾಕಂದ್ರೆ ನಿರ್ಧಾರ ಮಾಡೋ ದಾರಿ ಇದರಲ್ಲೇ ಇದೆ. ನಿಮ್ಮ ನೋವು ಕೂತಾಗ ಒಂಥರ, ನಿಂತಾಗ ಒಂಥರ, ಬಗ್ಗಿದ್ರೆ ಜಾಸ್ತಿ, ನಡೆದ್ರೆ ಕಮ್ಮಿ ಅಂತ ಬದಲಾಗ್ತಿದ್ಯಾ? ಹಂಗಿದ್ರೆ ಚಲನೆಗೂ ಅದಕ್ಕೂ ಸಂಬಂಧ ಇದೆ ಅಂತಾಯ್ತು, ಫಿಸಿಯೋಥೆರಪಿಗೆ ಅಲ್ಲಿ ಕೆಲಸ ಇದೆ. ಆಪರೇಷನ್ ಆಗಿ, ಪ್ಲಾಸ್ಟರ್ ಬಿಚ್ಚಿ, ಇಲ್ಲ ತುಂಬಾ ದಿನ ಮಲಗಿದ್ದು ಶಕ್ತಿ ಕಳ್ಕೊಂಡಿದೀರಾ? ಹಂಗಾದ್ರೂ ಬೇಕು. ಆದ್ರೆ ದಿನಾ ಇಪ್ಪತ್ತು ನಿಮಿಷ ಮನೇಲಿ ಮಾಡೋಕ್ಕೆ ಆಗತ್ತಾ ಅನ್ನೋದನ್ನೂ ಕೇಳ್ಕೊಳ್ಳಿ. ಆಗಲ್ಲ ಅಂದ್ರೆ ಅದನ್ನ ಮೊದಲೇ ಹೇಳಿ, ಬೆಳಗ್ಗೆ ಆರೂವರೆಗೆ ಗಾರ್ಮೆಂಟ್ಸ್ ಬಸ್ ಹತ್ತೋ ಹೆಣ್ಮಗಳಿಗೆ ಎಂಟು ವ್ಯಾಯಾಮ ಬರ್ಕೊಟ್ರೆ ಯಾವ್ದೂ ಆಗಲ್ಲ, ಎರಡು ಬರ್ಕೊಟ್ರೆ ಎರಡೂ ಆಗತ್ತೆ.

ಈಗ ಯಾವಾಗ ನಮ್ಮ ಹತ್ರ ಬರಬಾರ್ದು ಅಂತ ಹೇಳ್ತೀನಿ, ದಯವಿಟ್ಟು ಇದನ್ನ ಸರಿಯಾಗಿ ಓದಿ. ಸೊಂಟನೋವಿನ ಜೊತೆ ಮೂತ್ರ ಕಟ್ಟೋದು ಅಥವಾ ಗೊತ್ತಾಗದೆ ಹೋಗೋದು, ಕೂರೋ ಜಾಗದಲ್ಲಿ ಮರಗಟ್ಟಿದಂಗೆ ಆಗೋದು, ಎರಡೂ ಕಾಲು ಸೋಲೋದು ಇದ್ರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ, ನಾಳೆ ಅನ್ನಬೇಡಿ, ಅಲ್ಲಿ ನರಗಳು ಒತ್ತಡದಲ್ಲಿ ಇರ್ತವೆ, ತಡ ಆದ್ರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗ್ಬಹುದು. ಜ್ವರ ಇದ್ದು ಬೆನ್ನುನೋವು, ಕಾರಣ ಇಲ್ಲದೆ ತೂಕ ಇಳೀತಿರೋದು, ಹಿಂದೆ ಕ್ಯಾನ್ಸರ್ ಆಗಿತ್ತು ಅನ್ನೋದು, ಯಾವ ಮಗ್ಗುಲಿಗೆ ಮಲಗಿದ್ರೂ ರಾತ್ರಿ ಎಬ್ಬಿಸೋ ನೋವು, ವಯಸ್ಸಾದವ್ರು ಬಿದ್ದ ಮೇಲೆ ಶುರುವಾದ ನೋವು, ಇವೆಲ್ಲ ಮೊದಲು ಡಾಕ್ಟ್ರು ನೋಡ್ಬೇಕಾದವು. ಒಂದೇ ಕಾಲಿನ ಮೀನಖಂಡ ಊದ್ಕೊಂಡು ಬಿಸಿಯಾಗಿ ನೋವಿದ್ರೆ ಅದನ್ನ ತಿಕ್ಕಿಸ್ಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಭುಜ ನೋವು ಅಂತ ಬಂದವ್ರಿಗೆ ನಡೆದ್ರೆ ಜಾಸ್ತಿ ಆಗತ್ತೆ, ಬೆವರತ್ತೆ, ಎದೆ ಹಿಡಿದಂಗಾಗತ್ತೆ ಅಂದ್ರೆ ಅದು ಭುಜದ ತೊಂದ್ರೆ ಅಂದ್ಕೊಂಡು ಕೂರೋ ಹಾಗಿಲ್ಲ, ತಕ್ಷಣ ಇಸಿಜಿ ಆಗ್ಬೇಕು. ಮುಖ ಒಂದು ಕಡೆ ಸೊಟ್ಟಗಾದ್ರೂ ಅಷ್ಟೇ, ಮೊದಲು ಪಾರ್ಶ್ವವಾಯು ಅಲ್ಲ ಅಂತ ಖಚಿತ ಆಗ್ಬೇಕು, ಅದು ಮುಖದ ನರ ಮಾತ್ರ ಸೋಲೋ ಬೆಲ್ಸ್ ಪಾಲ್ಸಿನೇ ಆಗಿದ್ರೂ ಸ್ಟಿರಾಯ್ಡ್ ಮಾತ್ರೆ 72 ಗಂಟೆ ಒಳಗೆ ಶುರುವಾದ್ರೇನೇ ಹೆಚ್ಚು ಉಪಯೋಗ, ಮುಖಕ್ಕೆ ಕರೆಂಟ್ ಇಡಿಸೋ ಕಡೆ ಓಡಿ ಆ ಸಮಯ ಕಳ್ಕೋಬೇಡಿ.

ಮಷೀನ್ ವಿಷ್ಯದಲ್ಲೂ ಒಂದು ಮಾತು. ಪೇಸ್‌ಮೇಕರ್ ಇದ್ರೆ, ಬಸುರಿಯಾಗಿದ್ರೆ, ಮೈಯಲ್ಲಿ ರಾಡು ಸ್ಕ್ರೂ ಇದ್ರೆ ಫಿಸಿಯೋ ಕೇಳ್ದೆ ಇದ್ರೂ ನೀವೇ ಹೇಳಿ. ಶುಗರ್‌ನಿಂದ ಪಾದ ಮರಗಟ್ಟಿರೋರಿಗೆ ಬಿಸಿ ತಾಗಿದ್ದು ಗೊತ್ತಾಗಲ್ಲ, ಬಿಸಿನೀರಿನ ಬ್ಯಾಗಲ್ಲೂ ಬೊಬ್ಬೆ ಬಂದುಬಿಡತ್ತೆ.

ಎಂಆರ್‌ಐ ಹಿಡ್ಕೊಂಡು ಬರೋರ ಮುಖದಲ್ಲಿರೋ ಭಯ ನೋಡಿದ್ರೆ ಸಂಕಟ ಆಗತ್ತೆ. "ಎಲ್4-ಎಲ್5 ಡಿಸ್ಕ್ ಬಲ್ಜ್" (ಸೊಂಟದ ಎರಡು ಮೂಳೆ ಮಧ್ಯದ ಮೆತ್ತೆ ಸ್ವಲ್ಪ ಉಬ್ಬಿದೆ) ಅಂತ ಬರೆದಿರತ್ತೆ, ಇನ್ನು ಬಗ್ಗೋ ಹಾಗಿಲ್ಲ, ಬಿಂದಿಗೆ ಎತ್ತೋ ಹಾಗಿಲ್ಲ ಅಂತ ಮನೆಯವ್ರೆಲ್ಲ ಸೇರಿ ತೀರ್ಮಾನ ಮಾಡಿರ್ತಾರೆ. ಸೊಂಟನೋವೇ ಇಲ್ಲದ ಜನರಿಗೆ ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗ 20 ವರ್ಷದವ್ರಲ್ಲೇ ನೂರಕ್ಕೆ ಸುಮಾರು 30 ಜನಕ್ಕೆ ಡಿಸ್ಕ್ ಬಲ್ಜ್ ಇತ್ತು, 50 ವರ್ಷದವ್ರಲ್ಲಿ ಸುಮಾರು 60 ಜನಕ್ಕೆ, ನೆನಪಿರ್ಲಿ ಇವ್ರ್ಯಾರಿಗೂ ನೋವಿರ್ಲಿಲ್ಲ. ಅದಕ್ಕೇ ರಿಪೋರ್ಟ್ ಒಂದನ್ನೇ ನೋಡಿ ಚಿಕಿತ್ಸೆ ಹೇಳೋರನ್ನ ನಂಬಬೇಡಿ, ಕಾಲಿನ ಶಕ್ತಿ, ಸ್ಪರ್ಶ, ರಿಫ್ಲೆಕ್ಸ್ ಮುಟ್ಟಿ ನೋಡಿ ರಿಪೋರ್ಟಿಗೆ ತಾಳೆ ಹಾಕೋರ ಹತ್ರ ಹೋಗಿ. ಹೊಸದಾಗಿ ಬಂದ ಮಾಮೂಲಿ ಸೊಂಟನೋವು ಬಹಳಷ್ಟು ಜನಕ್ಕೆ ಕೆಲವೇ ವಾರದಲ್ಲಿ ತಾನಾಗೇ ಇಳಿಯತ್ತೆ, ಅದಕ್ಕೆ ದಿನಾ ಕ್ಲಿನಿಕ್ಕಿಗೆ ಬರೋ ಅಗತ್ಯಾನೇ ಇಲ್ಲ, ಪೂರ್ತಿ ಮಲಗ್ದೆ ಆದಷ್ಟು ಓಡಾಡ್ಕೊಂಡಿದ್ರೆ ಸಾಕು. ಇದನ್ನ ಹೇಳಿದ್ರೆ ನಮಗೆ ದುಡ್ಡು ಬರಲ್ಲ, ಆದ್ರೂ ನಿಜ ಇದೇ.

ಕೆಲವಕ್ಕೆ ತಾಳ್ಮೆ ಬೇಕು. ಶುಗರ್ ಇರೋರಲ್ಲಿ ಜಾಸ್ತಿ ಕಾಣಿಸ್ಕೊಳ್ಳೋ ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದು ಹೋಗೋದು) ತಗೊಳ್ಳಿ, ತಲೆ ಬಾಚೋಕ್ಕಾಗಲ್ಲ, ಬೆನ್ನ ಹಿಂದೆ ಕೈ ಹೋಗಲ್ಲ, ಆ ಮಗ್ಗುಲಿಗೆ ಮಲಗೋಕ್ಕಾಗಲ್ಲ, ಪೂರ್ತಿ ಬಿಡೋಕ್ಕೆ ಒಂದರಿಂದ ಮೂರು ವರ್ಷ ಆಗ್ಬಹುದು. ನೋವು ಉರೀತಿರೋ ಮೊದಲ ಹಂತದಲ್ಲಿ ಯಾರಾದ್ರೂ ಬಲವಂತವಾಗಿ ಕೈ ಎಳೆದು ತಿರುಗಿಸಿದ್ರೆ ಇನ್ನೂ ಕೆರಳತ್ತೆ. ಆ ಹಂತದಲ್ಲಿ ಡಾಕ್ಟ್ರು ಕೊಡೋ ಇಂಜೆಕ್ಷನ್, ಶುಗರ್ ಹತೋಟಿ, ಮೆತ್ತಗಿನ ವ್ಯಾಯಾಮ ಒಟ್ಟಿಗೆ ಹೋಗ್ಬೇಕು, ನೋವು ಇಳಿದು ಬರೀ ಬಿಗಿತ ಉಳಿದ್ಮೇಲೆ ನಾವು ಜೋರಾಗಿ ಕೆಲಸ ಮಾಡ್ಬಹುದು. ಕಣ್ಣೀರು ಬರೋಷ್ಟು ಎಳೆದ್ರೇನೇ ಒಳ್ಳೆ ಫಿಸಿಯೋ ಅನ್ನೋ ನಂಬಿಕೆ ನಮ್ಮಲ್ಲಿ ಇದೆ, ಅದನ್ನ ಬಿಡ್ಬೇಕು.

ಇನ್ನು ಕೆಲವಕ್ಕೆ ತಡ ಮಾಡೋ ಹಾಗೇ ಇಲ್ಲ. ಲಕ್ವ (ಪಾರ್ಶ್ವವಾಯು) ಹೊಡೆದಾಗ ಮೊದಲ ನಾಲ್ಕೂವರೆ ಗಂಟೆ ಒಳಗೆ ಆಸ್ಪತ್ರೆ ಸೇರಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋ ಅವಕಾಶ ಇರತ್ತೆ, ಅದು ಎಲ್ಲಕ್ಕಿಂತ ಮೊದಲು. ಆಮೇಲೆ ರೋಗಿ ಸ್ಥಿರ ಆದ ಒಂದೆರಡು ದಿನದಲ್ಲೇ ಹಾಸಿಗೆಯಲ್ಲೇ ಫಿಸಿಯೋಥೆರಪಿ ಶುರುವಾಗ್ಬೇಕು. ಮೆದುಳು ಹೊಸ ದಾರಿ ಕಲಿಯೋದು ಮೊದಲ ಮೂರರಿಂದ ಆರು ತಿಂಗಳಲ್ಲಿ ತುಂಬಾ ಚುರುಕು, ಆಮೇಲೂ ಸುಧಾರಣೆ ಆಗತ್ತೆ ಆದ್ರೆ ನಿಧಾನ. ಎಷ್ಟೋ ಮನೆಯವ್ರು ಆ ತಿಂಗಳುಗಳನ್ನೆಲ್ಲ ಎಣ್ಣೆ ತಿಕ್ಕಿಸೋದು, ಪಥ್ಯ, ಕತ್ತಲ ಕೋಣೆ ಅಂತ ಕಳೆದು, ಕೈ ಗಟ್ಟಿ ಬಿಗಿದ್ಮೇಲೆ ಕರ್ಕೊಂಡು ಬರ್ತಾರೆ. ನಿಮ್ಮ ಮನೇಲಿ ಇಂಥ ರೋಗಿ ಇದ್ರೆ ಇವತ್ತಿಂದ ಒಂದು ಮಾಡಿ, ಸೋತಿರೋ ಕೈ ಹಿಡಿದು ಎಳೆದು ಎಬ್ಬಿಸ್ಬೇಡಿ, ಭುಜದ ಕೀಲು ಜಾರತ್ತೆ, ಬೆನ್ನಿಗೂ ಸೊಂಟಕ್ಕೂ ಕೈ ಕೊಟ್ಟು ಎಬ್ಬಿಸಿ, ಕೂತಾಗ ಆ ಕೈ ಕೆಳಗೆ ದಿಂಬು ಇಡಿ.

ಹೇಳ್ಕೊಳ್ಳೋಕ್ಕೆ ನಾಚ್ಕೊಳ್ಳೋ ತೊಂದ್ರೆಗಳಿಗೂ ಇಲ್ಲಿ ದಾರಿ ಇದೆ. ಹೆರಿಗೆ ಆದ್ಮೇಲೆ ಕೆಮ್ಮಿದ್ರೆ, ನಕ್ರೆ, ಬಿಂದಿಗೆ ಎತ್ತಿದ್ರೆ ಮೂತ್ರ ಹನಿ ಬೀಳೋದು ಎಷ್ಟು ಹೆಂಗಸ್ರಿಗಿದೆ, ವಯಸ್ಸಾಯ್ತು ಅಂತ ಸಹಿಸ್ಕೊಂಡು ಮದುವೆ ಮುಂಜಿಗೂ ಹೋಗೋದು ಬಿಟ್ಟಿರ್ತಾರೆ. ಕಿಬ್ಬೊಟ್ಟೆ ತಳದ ಸ್ನಾಯುಗಳ ವ್ಯಾಯಾಮನ ಸರಿಯಾಗಿ ಕಲಿತು ಕನಿಷ್ಠ ಮೂರು ತಿಂಗಳು ಮಾಡಿದ್ರೆ ಬಹಳಷ್ಟು ಜನಕ್ಕೆ ಆಪರೇಷನ್ ಇಲ್ಲದೇನೇ ಕಮ್ಮಿ ಆಗತ್ತೆ. ಮಗ್ಗುಲು ತಿರುಗಿದ್ರೆ ಮನೆ ಗಿರ್ರ್ ಅಂತ ಸುತ್ತೋ ಒಂದು ಬಗೆ ತಲೆಸುತ್ತಿದೆ, ಕಿವಿ ಒಳಗಿನ ಸಣ್ಣ ಹರಳು ಜಾರಿರೋದ್ರಿಂದ ಬರೋದು, ಅದಕ್ಕೆ ತಲೆಯನ್ನ ಒಂದು ಕ್ರಮದಲ್ಲಿ ತಿರುಗಿಸಿದ್ರೆ ಕೆಲವೊಮ್ಮೆ ಒಂದೇ ಸಲಕ್ಕೆ ಹೋಗತ್ತೆ.

ಯಾರ ಹತ್ರ ಹೋಗ್ಬೇಕು? ಬಿಪಿಟಿ ಇಲ್ಲ ಎಂಪಿಟಿ (ಫಿಸಿಯೋಥೆರಪಿಯ ಪದವಿ, ಸ್ನಾತಕೋತ್ತರ ಪದವಿ) ಓದಿದಾರಾ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ, ಈಗ ಕೆಲಸ ಮಾಡ್ತಿರೋ ಹೆಚ್ಚಿನವ್ರು ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಓದಿರ್ತಾರೆ, ಆರು ತಿಂಗಳ ಮಸಾಜ್ ಕೋರ್ಸ್ ಬೇರೆ, ಇದು ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಡಿ ನಮ್ಮ ವೃತ್ತಿನೂ ಬರತ್ತೆ. ಮೊದಲ ಭೇಟಿಯಲ್ಲಿ ಅರ್ಧ ಗಂಟೆ ಆದ್ರೂ ಮಾತಾಡಿ, ನಡೆಸಿ, ಬಗ್ಗಿಸಿ ನೋಡದೆ ನೇರವಾಗಿ ಮಷೀನಿಗೆ ಮಲಗಿಸಿದ್ರೆ ಅಲ್ಲೇ ಅನುಮಾನ ಪಡಿ. ನನ್ನ ತೊಂದ್ರೆ ಏನು, ಎಷ್ಟು ವಾರದಲ್ಲಿ ಏನ್ ಬದಲಾಗ್ಬೇಕು, ಮನೇಲಿ ನಾನೇನ್ ಮಾಡ್ಬೇಕು, ಈ ಮೂರಕ್ಕೂ ನಿಮಗೆ ಅರ್ಥ ಆಗೋ ಭಾಷೇಲಿ ಉತ್ತರ ಬರ್ಬೇಕು. ನೋಡೋಕ್ಕೆ ಮುಂಚೇನೇ 30 ಸಿಟ್ಟಿಂಗ್ ಪ್ಯಾಕೇಜ್ ಕಟ್ಟಿ ಅಂದ್ರೆ ಎದ್ದು ಬನ್ನಿ. ದುಡ್ಡಿನ ಕಷ್ಟ ಇರೋರು ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ, ರಶ್ ಇರತ್ತೆ, ಆದ್ರೆ ವ್ಯಾಯಾಮ ಕಲಿತು ಮನೇಲಿ ಮಾಡೋಕ್ಕೆ ದಿನಾ ಹೋಗ್ಬೇಕಾಗಿಲ್ಲ, ವಾರಕ್ಕೊಂದು ಸಲ ಹೋದ್ರೂ ನಡೆಯತ್ತೆ.

ಹೇಳ್ಕೊಟ್ಟಿದ್ದನ್ನ ನಿಯತ್ತಾಗಿ ಮಾಡಿ ಆರು ವಾರ ಆದ್ರೂ ನೋವಲ್ಲಾಗ್ಲಿ ಕೆಲಸದಲ್ಲಾಗ್ಲಿ ಏನೂ ವ್ಯತ್ಯಾಸ ಇಲ್ಲ ಅಂದ್ರೆ ಅದೇ ಚಿಕಿತ್ಸೆ ಮುಂದುವರಿಸ್ಬೇಡಿ, ಮತ್ತೆ ಮೊದಲಿಂದ ಪರೀಕ್ಷೆ ಮಾಡಿ ಅಂತ ಕೇಳಿ, ಇಲ್ಲ ಡಾಕ್ಟ್ರ ಹತ್ರ ವಾಪಸ್ ಹೋಗಿ. ಫ್ರೋಜನ್ ಶೋಲ್ಡರ್, ಲಕ್ವದಂಥವಕ್ಕೆ ಮಾತ್ರ ಈ ಲೆಕ್ಕ ನಡೆಯಲ್ಲ. ಮೊದಲ ಸಲ ಹೋಗೋವಾಗ ಹಳೇ ರಿಪೋರ್ಟು, ತಗೊಳ್ತಿರೋ ಮಾತ್ರೆ ಚೀಟಿ, ದಿನಾ ಹಾಕೋ ಚಪ್ಪಲಿ ಜೊತೆಗಿರ್ಲಿ, ಮಂಡಿ ಮೇಲೆ ಸರಿಯೋಷ್ಟು ಸಡಿಲ ಬಟ್ಟೆ ಹಾಕ್ಕೊಂಡು ಹೋಗಿ, ಅವತ್ತು ಬೆಳಗ್ಗೆ ನೋವಿನ ಮಾತ್ರೆ ತಗೊಂಡಿದ್ರೆ ಎಷ್ಟೊತ್ತಿಗೆ ಅಂತ ಹೇಳಿ, ಇಲ್ಲಾಂದ್ರೆ ನಿಮ್ಮ ನೋವು ನಿಜವಾಗ್ಲೂ ಎಷ್ಟಿದೆ ಅಂತ ನೋಡೋರಿಗೆ ಗೊತ್ತಾಗಲ್ಲ.