ಐಡ್ಲಿಂಗ್‌ನಲ್ಲಿ ಗಾಡಿ ನಡುಗುತ್ತೆ, ಪಿಕಪ್ಪೂ ಇಲ್ಲ, ಏನ್ ಬದಲಾಯಿಸ್ಲಿ?

ಓದುಗರ ಪ್ರಶ್ನೆ: "ನಂದು 2006ರ ಆಲ್ಟೋ, ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಸಿಗ್ನಲ್ಲಲ್ಲಿ ನಿಂತಾಗ ಸ್ಟೀರಿಂಗು ಸೀಟು ಎಲ್ಲ ನಡುಗುತ್ತೆ, ಎಸಿ ಹಾಕಿದ್ರೆ ಕೆಲವು ಸಲ ಆಫ್ ಆಗೇ ಹೋಗುತ್ತೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತೋವಾಗ ಸೆಕೆಂಡ್ ಗೇರಲ್ಲೂ ಎಳೆಯಲ್ಲ. ಪ್ಲಗ್ಗು, ಏರ್ ಫಿಲ್ಟರ್ ಹೊಸದು ಹಾಕ್ಸಾಯ್ತು. ಈಗ ಒಬ್ರು ಸೆನ್ಸರ್ ಅಂತಾರೆ, ಇನ್ನೊಬ್ರು ಪೆಟ್ರೋಲ್ ಪಂಪ್ ಅಂತಾರೆ. ಏನ್ ಬದಲಾಯಿಸ್ಲಿ, ಇಲ್ಲ ಗಾಡಿನೇ ಮಾರಿಬಿಡ್ಲಾ?"

ಸದ್ಯಕ್ಕೆ ಏನೂ ಬದಲಾಯಿಸ್ಬೇಡಿ. ಈ ಪ್ರಶ್ನೆ ನಂಗೆ ತಿಂಗಳಿಗೆ ನಾಲ್ಕೈದು ಸಲ ಬರುತ್ತೆ, ಕೇಳೋರಲ್ಲಿ ಮುಕ್ಕಾಲು ಜನ ಅಷ್ಟೊತ್ತಿಗಾಗ್ಲೇ ಸಾವಿರಾರು ರೂಪಾಯಿ ಪಾರ್ಟ್ಸ್ ಹಾಕ್ಸಿರ್ತಾರೆ, ನಡುಗೋದು ಮಾತ್ರ ಹಾಗೇ ಇರುತ್ತೆ. ಯಾಕಂದ್ರೆ ಯಾರೂ ಮೊದಲನೇ ಪ್ರಶ್ನೆ ಕೇಳಿರಲ್ಲ: ಮೂರು ಸಿಲಿಂಡರಲ್ಲಿ ಒಂದೇ ಒಂದು ಕೆಲಸ ಮಾಡ್ತಿಲ್ವಾ, ಇಲ್ಲ ಮೂರೂ ಅರೆಬರೆ ಕೆಲಸ ಮಾಡ್ತಿದಾವಾ? ಇದು ಗೊತ್ತಾದ್ರೆ ಅರ್ಧ ದಾರಿ ಮುಗೀತು.

ನಿಮ್ದು 796 ಸಿಸಿ, ಮೂರು ಸಿಲಿಂಡರ್ ಇಂಜಿನ್ನು. ಅದು ಸರಿ ಇದ್ದಾಗ್ಲೂ ನಾಲ್ಕು ಸಿಲಿಂಡರ್ ಗಾಡಿಯಷ್ಟು ನುಣ್ಣಗೆ ಇರಲ್ಲ, ಸ್ವಲ್ಪ ಗುರುಗುರು ಇದ್ದೇ ಇರುತ್ತೆ. ಐಡ್ಲಿಂಗಲ್ಲಿ 900 ಆರ್‌ಪಿಎಂ ಅಂತ ಇಟ್ಕೊಳ್ಳಿ, ಒಂದೊಂದು ಸಿಲಿಂಡರು ಸೆಕೆಂಡಿಗೆ ಏಳೂವರೆ ಸಲ ಫೈರ್ ಆಗ್ಬೇಕು. ಒಂದು ಸಿಲಿಂಡರ್ ಕೈಕೊಟ್ರೆ ಆ ಏಳೂವರೆ ಏಟು ಖಾಲಿ ಹೋಗುತ್ತೆ, ಅದೇ ನಿಮ್ಮ ಸೀಟಿಗೆ ಬರೋ ನಡುಕ. ಜೊತೆಗೆ ಶಕ್ತಿಯ ಮೂರನೇ ಒಂದು ಭಾಗ ಹೋಯ್ತು. ಮೊದ್ಲೇ 46-47 ಬಿಎಚ್‌ಪಿ ಇಂಜಿನ್ನು, ಅದರಲ್ಲೂ ಇಷ್ಟು ಹೋದ್ರೆ ಹದಿನಾಲ್ಕು ಹೇರ್‌ಪಿನ್ ತಿರುವಿನ ಘಾಟಿಲಿ ಅದು ಎಲ್ಲಿಂದ ಎಳೆಯುತ್ತೆ ಹೇಳಿ.

ಬಾನೆಟ್ ಎತ್ತೋಕೂ ಮುಂಚೆ ಒಂದು ಕೆಲಸ ಮಾಡಿ. ಇಂಜಿನ್ ಬಿಸಿ ಆದ್ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್ಲಲ್ಲಿ ಸೈಲೆನ್ಸರ್ ಹಿಂದೆ ಹೋಗಿ ನಿಂತು ಅಂಗೈನ ಒಂದು ಗೇಣು ದೂರ ಹಿಡೀರಿ, ಮುಟ್ಬೇಡಿ. ಸರಿ ಇರೋ ಗಾಡಿಲಿ ಗಾಳಿ ಒಂದೇ ಸಮ ಬರುತ್ತೆ. ಪುಸ್ ಪುಸ್ ಪುಸ್... ಪುಕ್... ಅಂತ ತಾಳ ತಪ್ಪಿದ ಹಾಗೆ, ಅದೂ ಒಂದೇ ಲೆಕ್ಕದಲ್ಲಿ ತಪ್ತಾ ಇದ್ರೆ ಒಂದು ಸಿಲಿಂಡರ್ ಮಿಸ್ ಹೊಡೀತಿದೆ, ಅಂದ್ರೆ ಫೈರ್ ಆಗ್ತಿಲ್ಲ. ತಾಳ ಸರಿ ಇದ್ದು ಆರ್‌ಪಿಎಂ ಮಾತ್ರ ಏರೋದು ಇಳಿಯೋದು ಮಾಡ್ತಿದ್ರೆ ಗಾಳಿ ಇಲ್ಲ ಪೆಟ್ರೋಲ್ ಲೆಕ್ಕ ತಪ್ಪಿದೆ. ತಾಳವೂ ಸರಿ, ಆರ್‌ಪಿಎಂ ಕೂಡ ಸರಿ, ಗಾಡಿ ಬಾಡಿ ಮಾತ್ರ ನಡುಗುತ್ತೆ ಅಂದ್ರೆ ಇಂಜಿನ್ ಮೌಂಟಿಂಗ್ ರಬ್ಬರ್ ಹೋಗಿರುತ್ತೆ, ಅದಕ್ಕೂ ಪಿಕಪ್ಪಿಗೂ ಸಂಬಂಧ ಇಲ್ಲ, ನೀವು ಹುಡುಕ್ತಿರೋದು ಎರಡು ಬೇರೆ ಬೇರೆ ಕಾಯಿಲೆ ಅಂತ ತಿಳ್ಕೊಳ್ಳಿ.

ಒಂದು ಸಿಲಿಂಡರ್ ಅನ್ನಿಸಿದ್ರೆ ಯಾವ್ದು ಅಂತ ಕಂಡುಹಿಡಿಯೋದು ಸುಲಭ. ಇಂಜಿನ್ ಐಡ್ಲಿಂಗಲ್ಲಿ ಇರೋವಾಗ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರುಗಳ ಕಪ್ಲರ್ (ವೈರ್ ಸಿಕ್ಕಿಸೋ ಪ್ಲಾಸ್ಟಿಕ್ ಜೋಡಣೆ) ಒಂದೊಂದೇ ತೆಗೀರಿ, ಐದಾರು ಸೆಕೆಂಡ್ ನೋಡಿ ವಾಪಸ್ ಹಾಕಿ. ತೆಗೆದಾಗ ಇಂಜಿನ್ ಇನ್ನೂ ಕುಸಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿತ್ತು ಅಂತ ಅರ್ಥ. ತೆಗೆದ್ರೂ ಏನೂ ವ್ಯತ್ಯಾಸ ಇಲ್ಲ ಅಂದ್ರೆ ಕಳ್ಳ ಅದೇ. ಹಳೇ ಕಾಲದವರು ಪ್ಲಗ್ ಕ್ಯಾಪ್ ಎಳೆದು ನೋಡ್ತಿದ್ರು, ದಯವಿಟ್ಟು ಅದನ್ನ ಮಾಡ್ಬೇಡಿ, ಆ ವೈರಲ್ಲಿ ಸಾವಿರಾರು ವೋಲ್ಟ್ ಇರುತ್ತೆ, ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲೂ ಹಾಳಾಗುತ್ತೆ, ಸುಡದ ಪೆಟ್ರೋಲು ಸೈಲೆನ್ಸರಿನ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿಗೂ ಹೋಗುತ್ತೆ. ಫ್ಯಾನಿನ ಹತ್ರ ಕೈ, ಶಾಲು, ಸೆರಗು ಯಾವ್ದೂ ಬೇಡ, ಫ್ಯಾನು ಯಾವಾಗ ಬೇಕಾದ್ರೂ ತಿರುಗುತ್ತೆ.

ಯಾವ ಸಿಲಿಂಡರ್ ಅಂತ ಗೊತ್ತಾಯ್ತಲ್ಲ, ಈಗ ಇಂಜಿನ್ ಆಫ್ ಮಾಡಿ ಅದರ ಪ್ಲಗ್ ತೆಗೆದು ಪಕ್ಕದ ಸಿಲಿಂಡರಿಗೆ ಹಾಕಿ, ಪಕ್ಕದ್ದು ಇದಕ್ಕೆ. ಮಿಸ್ಸಿಂಗು ಪ್ಲಗ್ ಜೊತೆ ಜಾಗ ಬದಲಾಯಿಸಿದ್ರೆ ಪ್ಲಗ್ಗೇ ಹೋಗಿದೆ, ಹೊಸದಾದ್ರೂ ಸರಿ. ಹೊಸ ಪ್ಲಗ್ ಅಂದ ಮಾತ್ರಕ್ಕೆ ನಂಬೋ ಹಾಗಿಲ್ಲ, ಕೆಳಗೆ ಬಿದ್ದು ಒಳಗಿನ ಬಿಳಿ ಪಿಂಗಾಣಿ ಕೂದಲಷ್ಟು ಸೀಳಿದ್ರೂ ಸ್ಪಾರ್ಕು ಆ ಸೀಳಲ್ಲೇ ಓಡಿಹೋಗುತ್ತೆ. ಆಮೇಲೆ ಇದೇ ಥರ ಪ್ಲಗ್ ವೈರು, ಇಂಜೆಕ್ಟರು. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡ್ಸಿ ನೋಡಿ, ವೈರ್ ಸೀಳಿದ್ರೆ ಸಣ್ಣ ನೀಲಿ ಕಿಡಿ ಹಾರೋದು ಕಣ್ಣಿಗೇ ಕಾಣುತ್ತೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇದು ತುಂಬಾ ಸಾಮಾನ್ಯ. ಇನ್ನೊಂದು ನಮ್ಮ ಕಡೆದೇ ಕಾಟ ಅಂದ್ರೆ ಇಲಿ. ಇಂಜೆಕ್ಟರ್ ವೈರು ಮೇಲೆ ಚೆನ್ನಾಗಿ ಕಾಣುತ್ತೆ, ಕೆಳಗಡೆ ಕಡಿದು ಒಂದೇ ಎಳೆ ತಾಮ್ರ ಉಳಿದಿರುತ್ತೆ, ಗಾಡಿ ರಸ್ತೆ ಗುಂಡಿಗೆ ಇಳಿದಾಗ ಅದು ಬಿಟ್ಕೊಳ್ಳುತ್ತೆ, ಮತ್ತೆ ಸೇರ್ಕೊಳ್ಳುತ್ತೆ. ಬ್ಯಾಟರಿ ಪಕ್ಕ ಇಲಿ ಹಿಕ್ಕೆ ಕಂಡ್ರೆ ಪೂರ್ತಿ ವೈರಿಂಗ್ ಕೈಯಲ್ಲಿ ಸವರಿ ನೋಡಿ.

ಇನ್ನು ಮೂರೂ ಸಿಲಿಂಡರ್ ಒಂದೇ ಥರ ಸೋತಿದ್ರೆ? ಅದಕ್ಕೆ ಒಂದು ಗಾಡಿ ಕಥೆ ಹೇಳ್ತೀನಿ. ನಿಮ್ಮದಕ್ಕಿಂತ ಎರಡು ವರ್ಷ ಹಳೇದು, ಮೇಷ್ಟ್ರೊಬ್ಬರ ಗಾಡಿ. ನಡುಕ, ಪಿಕಪ್ ಇಲ್ಲ, ಪೆಟ್ರೋಲ್ ಕುಡಿಯೋದು ನೋಡಿದ್ರೆ ಲಾರಿ ಥರ. ನನ್ನ ಹತ್ರ ಬರೋ ಹೊತ್ತಿಗೆ ಪ್ಲಗ್ಗು, ಕಾಯಿಲು, ಆಕ್ಸಿಜನ್ ಸೆನ್ಸರ್ ಎಲ್ಲ ಹೊಸದು ಬಿದ್ದಿತ್ತು. ಮೂರೂ ಪ್ಲಗ್ ತೆಗೆದು ಪೇಪರ್ ಮೇಲೆ ಸಾಲಾಗಿ ಇಟ್ಟೆ. ಮೂರೂ ಒಂದೇ ಥರ ಕಪ್ಪು, ಬೆರಳಲ್ಲಿ ಉಜ್ಜಿದ್ರೆ ಒಲೆ ಮಸಿ ಥರ ಒಣಗಿದ ಮಸಿ. ಸರಿ ಇರೋ ಪ್ಲಗ್ಗು ಬಿಸ್ಕತ್ ಬಣ್ಣಕ್ಕಿರುತ್ತೆ, ಒಣ ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ, ಜಿಡ್ಡು ಮಸಿ ಅಂದ್ರೆ ಇಂಜಿನ್ ಆಯಿಲ್ ಮೇಲೆ ಬರ್ತಿದೆ, ತೀರಾ ಬಿಳಚಿಕೊಂಡಿದ್ರೆ ಪೆಟ್ರೋಲ್ ಕಮ್ಮಿ. ಮೂರಕ್ಕೂ ಒಂದೇ ಬಣ್ಣ ಇದೆ ಅಂದ್ಮೇಲೆ ಮೂರಕ್ಕೂ ಸೇರಿದ ಯಾವುದೋ ಒಂದು ತಪ್ಪು ಲೆಕ್ಕ ಕೊಡ್ತಿದೆ. ಸಿಲಿಂಡರುಗಳಿಗೆ ಗಾಳಿ ಹಂಚೋ ಇಂಟೇಕ್ ಮ್ಯಾನಿಫೋಲ್ಡಿನಿಂದ ಅಲ್ಲಿನ ಒತ್ತಡ ಅಳೆಯೋ ಮ್ಯಾಪ್ ಸೆನ್ಸರಿಗೆ ಹೋಗೋ ಪುಟ್ಟ ರಬ್ಬರ್ ಹೋಸು, ಪೆನ್ಸಿಲಿಗಿಂತ ಸಣ್ಣದು, ನೋಡೋಕೆ ಏನೂ ಆಗಿರ್ಲಿಲ್ಲ. ಬಗ್ಗಿಸಿದಾಗ ಬಾಯಿ ಬಿಡ್ತು, ಬುಡದಲ್ಲಿ ಅರ್ಧ ಸುತ್ತು ಸೀಳು. ಆ ಸೀಳಲ್ಲಿ ಹೊರಗಿನ ಗಾಳಿ ನುಗ್ಗಿ ಸೆನ್ಸರಿಗೆ ಒತ್ತಡ ಜಾಸ್ತಿ ತೋರಿಸ್ತಿತ್ತು, ಇಂಜಿನ್ ಕಂಪ್ಯೂಟರು ಪಾಪ, ಗಾಡಿ ಫುಲ್ ಲೋಡಲ್ಲಿ ಏರು ಹತ್ತುತಿದೆ ಅಂತ ತಿಳ್ಕೊಂಡು ನಿಂತಲ್ಲೇ ಪೆಟ್ರೋಲ್ ಸುರೀತಿತ್ತು. ಹೋಸಿನ ತುದಿ ಒಂದು ಇಂಚು ಕತ್ತರಿಸಿ ವಾಪಸ್ ಕೂರಿಸಿದೆ, ನಡುಕ ಅಲ್ಲೇ ನಿಂತ್ಹೋಯ್ತು. ಮೇಷ್ಟ್ರು ಆ ರಬ್ಬರ್ ತುಂಡನ್ನ ಜೇಬಿಗೆ ಹಾಕ್ಕೊಂಡು ಹೋದ್ರು.

ಅದಕ್ಕೇ ಹೇಳೋದು, ಸೆನ್ಸರ್ ಹೋಗಿದೆ ಅಂದ್ರೆ ಮೊದಲು ಸೆನ್ಸರಿಗೆ ಹೋಗೋ ಹೋಸು, ವೈರು, ಕಪ್ಲರ್ ಪಿನ್ ನೋಡಿ. ಬ್ರೇಕ್ ಬೂಸ್ಟರಿಗೆ ಹೋಗೋ ದಪ್ಪ ಹೋಸು, ಪಿಸಿವಿ ಹೋಸು (ಇಂಜಿನ್ ಒಳಗಿನ ಹೊಗೆ ಎಳ್ಕೊಳ್ಳೋದು), ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇವೆಲ್ಲ ಹದಿನೈದಿಪ್ಪತ್ತು ವರ್ಷಕ್ಕೆ ಗಟ್ಟಿಯಾಗಿ ಸೀಳ್ತವೆ. ಗಾಳಿ ಎಳ್ಕೊಳ್ತಿದ್ರೆ ಸುಯ್ ಅಂತ ಸಣ್ಣ ಶಬ್ದ ಇರುತ್ತೆ, ಒಂದು ತುಂಡು ಪೈಪಿನ ತುದಿ ಕಿವಿಗೆ ಇಟ್ಕೊಂಡು ಇನ್ನೊಂದು ತುದಿ ಹೋಸುಗಳ ಹತ್ರ ಆಡಿಸಿದ್ರೆ ಜಾಗ ಸಿಗುತ್ತೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಲೀಕ್ ಹುಡುಕೋರನ್ನ ನೋಡಿದೀನಿ, ಬೆಂಕಿ ಹತ್ತೋಕೆ ಒಂದು ಕಿಡಿ ಸಾಕು, ನಿಮ್ಮ ಗಾಡಿಗೆ ಹಾಗೆ ಮಾಡೋಕೆ ಬಿಡ್ಬೇಡಿ. ಎಸಿ ಹಾಕಿದಾಗ ಆಫ್ ಆಗೋದಕ್ಕೆ ಗಾಳಿ ಒಳಗೆ ಬಿಡೋ ಥ್ರಾಟಲ್ ಬಾಡಿಲಿ ಕಟ್ಟಿರೋ ಕರಿ ಮತ್ತೆ ಐಡ್ಲಿಂಗ್ ಆರ್‌ಪಿಎಂ ಕಾಯೋ ಐಡಲ್ ಕಂಟ್ರೋಲ್ ವಾಲ್ವ್ ಸಿಕ್ಕಾಕೊಂಡಿರೋದು ಕಾರಣ ಇರ್ಬಹುದು, ಕ್ಲೀನರ್ ಹಾಕಿ ಒರೆಸಿದ್ರೆ ಎಷ್ಟೋ ಸಲ ಸರಿ ಹೋಗುತ್ತೆ.

ಇಂಜಿನ್ ಬಿಸಿ ಆಗೋವರೆಗೂ ನೀರನ್ನ ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ಇದೆಯಾ ಅಂತಾನೂ ಕೇಳಿ ತಿಳ್ಕೊಳ್ಳಿ. ನಮ್ಮಲ್ಲಿ ಗಾಡಿ ಹೀಟ್ ಆಯ್ತು ಅಂದ್ರೆ ಅದನ್ನ ಕಿತ್ತು ಬಿಸಾಕೋ ಅಭ್ಯಾಸ ಇದೆ, ಬೇಜಾರಾಗುತ್ತೆ ನೋಡಿದ್ರೆ. ಅದಿಲ್ಲದ ಇಂಜಿನ್ನು ಸರಿಯಾಗಿ ಬಿಸಿನೇ ಆಗಲ್ಲ, ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರು ಪೆಟ್ರೋಲ್ ಜಾಸ್ತಿ ಕೊಡ್ತಾನೇ ಇರುತ್ತೆ.

ಐಡ್ಲಿಂಗ್ ತಕ್ಕಮಟ್ಟಿಗೆ ಇದ್ದು ಏರಲ್ಲಿ ಮಾತ್ರ ಸಾಯ್ತಿದೆ ಅಂದ್ರೆ ಆಗ ಪಂಪಿನ ಮಾತು. ಅದನ್ನೂ ಬದಲಾಯಿಸೋ ಮುಂಚೆ ಗೇಜ್ ಹಾಕಿ ಪ್ರೆಷರ್ ನೋಡೋಕೆ ಹೇಳಿ, ಇಂಥ ಗಾಡಿಗಳಲ್ಲಿ ಸುಮಾರು 3 ಬಾರ್ ಆಸುಪಾಸು ಇದ್ದು, ರೇಸ್ ಕೊಟ್ಟಾಗ ಬೀಳ್ಬಾರ್ದು. ಬಿದ್ರೆ ಮೊದಲು ಫಿಲ್ಟರ್, ಟ್ಯಾಂಕ್ ಒಳಗಿನ ಜಾಲರಿ. ಈಗ ಬಂಕಲ್ಲಿ ಸಿಗೋ ಇ20 ಪೆಟ್ರೋಲಲ್ಲಿ 20% ಎಥನಾಲ್ ಇರುತ್ತೆ, ಅದು ಹಳೇ ಟ್ಯಾಂಕಿನ ಕೆಸರು ಸಡಿಲ ಮಾಡಿ ಫಿಲ್ಟರಿಗೆ ತಂದು ಕಟ್ಟುತ್ತೆ, ನೀರನ್ನೂ ಹೀರ್ಕೊಳ್ಳುತ್ತೆ. ಆದ್ರೆ ಗಾಡಿ ನಡುಗಿದ್ರೆಲ್ಲ ಎಥನಾಲೇ ಕಾರಣ ಅನ್ನೋದನ್ನ ನಾನು ಒಪ್ಪಲ್ಲ, ಅದು ಮೊದಲೇ ಇದ್ದ ತೊಂದ್ರೆನ ಬೇಗ ಹೊರಗೆ ಹಾಕುತ್ತೆ ಅಷ್ಟೆ. ಆರ್‌ಪಿಎಂ ಏರುತ್ತೆ ಗಾಡಿ ಏರಲ್ಲ ಅಂದ್ರೆ ಕ್ಲಚ್ ಜಾರ್ತಿದೆ. ಆರ್‌ಪಿಎಂ ಒಂದು ಹಂತಕ್ಕೆ ಬಂದು ಗಂಟಲು ಕಟ್ಟಿದ ಹಾಗೆ ನಿಂತ್ರೆ, ಹಿಂದೆ ಗಾಳಿನೂ ಸರಿಯಾಗಿ ಬರ್ತಿಲ್ಲ ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕರಗಿ ಮುಚ್ಚಿಕೊಂಡಿರ್ಬಹುದು. ತಿಂಗಳಾನುಗಟ್ಟಲೆ ಮಿಸ್ಸಿಂಗಲ್ಲೇ ಓಡ್ಸಿದ್ರೆ ಆಗೋದು ಅದೇ, ಅದಕ್ಕೆ ಸರಿ ಆಗೋವರೆಗೂ ಘಾಟಿ ಕಡೆ ಹೋಗ್ಬೇಡಿ.

ಮಾರೋ ವಿಷ್ಯಕ್ಕೆ ಬರ್ತೀನಿ. ಮೇಲಿನದ್ದೆಲ್ಲ ನೋಡಿದ್ಮೇಲೂ ಒಂದೇ ಸಿಲಿಂಡರ್ ಸತ್ತಂಗಿದ್ರೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಗಾಳಿನ ಎಷ್ಟು ಒತ್ತುತ್ತೆ ಅನ್ನೋದನ್ನ ಚೆಕ್ ಮಾಡ್ಸಿ. ಇಂಜಿನ್ ಬಿಸಿ ಇರ್ಬೇಕು, ಮೂರೂ ಪ್ಲಗ್ ಹೊರಗೆ, ಇಂಜೆಕ್ಟರ್ ಕಪ್ಲರೂ ಕಾಯಿಲ್ ಕಪ್ಲರೂ ತೆಗೆದಿರ್ಬೇಕು, ಎಕ್ಸಲರೇಟರ್ ಪೂರ್ತಿ ತುಳಿದಿರ್ಬೇಕು. ಮೂರರ ನಡುವೆ 15 ಪಿಎಸ್‌ಐ (ಒತ್ತಡದ ಅಳತೆ) ಗಿಂತ ಜಾಸ್ತಿ ವ್ಯತ್ಯಾಸ ಇರ್ಬಾರ್ದು. ಒಂದು ಕಮ್ಮಿ ಬಂದ್ರೆ ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡೋಕೆ ಹೇಳಿ. ನಂಬರ್ ಏರಿದ್ರೆ ಪಿಸ್ಟನ್ ರಿಂಗ್ ಸವೆದಿದೆ, ಆಗ ಮಾರೋ ಲೆಕ್ಕ ಹಾಕ್ಬಹುದು. ಏರ್ಲಿಲ್ಲ ಅಂದ್ರೆ ವಾಲ್ವ್ ಕಡೆ ಸೋರ್ತಿದೆ, ಟ್ಯಾಪೆಟ್ (ವಾಲ್ವ್ ಒತ್ತೋ ಭಾಗದ ಸಂದು) ಬಿಗಿಯಾಗಿ ವಾಲ್ವ್ ಪೂರ್ತಿ ಕೂರದೆ ಇರೋದೂ ಇರುತ್ತೆ, ಗ್ಯಾಸ್ ಕಿಟ್ ಹಾಕಿ ಓಡ್ಸಿದ ಗಾಡಿಲಿ ಅಂತೂ ಇದು ಜಾಸ್ತಿ. ಇಂಜಿನ್ ಹೆಡ್ (ವಾಲ್ವ್ ಇರೋ ಮೇಲ್ಭಾಗ) ಬಿಚ್ಚೋ ಮುಂಚೆ ಟ್ಯಾಪೆಟ್ ಒಂದು ಸಲ ಸೆಟ್ ಮಾಡ್ಸಿ ಮತ್ತೆ ಅಳತೆ ತಗೊಳ್ಳಿ. ಆ ಮೂರು ನಂಬರು, ಮೂರು ಪ್ಲಗ್ ಸಾಲಾಗಿ ಇಟ್ಟ ಒಂದು ಫೋಟೋ, ಗ್ಯಾಸ್ ಕಿಟ್ ಯಾವತ್ತಾದ್ರೂ ಇತ್ತಾ ಅನ್ನೋದು, ಇಷ್ಟು ಕಳ್ಸಿ, ಮುಂದೆ ಏನು ಬಿಚ್ಬೇಕು ಅಂತ ನೋಡಿ ಹೇಳ್ತೀನಿ.