'ಏನೂ ಇಲ್ಲ'ದ ಒಂದು ಲಯ

ಧ್ವನಿಮಿಶ್ರಣ ಕಲಿಯಲು ಬರುವವರಿಗೆ ನಾನು ಮೊದಲ ವಾರದಲ್ಲೇ 1985ರ ಒಂದು ಜಮೈಕಾ ಹಾಡನ್ನು ಕೇಳಿಸುತ್ತೇನೆ: ವೇಯ್ನ್ ಸ್ಮಿತ್ ಹಾಡಿದ 'ಅಂಡರ್ ಮಿ ಸ್ಲೆಂಗ್ ಟೆಂಗ್'. "ಇದರಲ್ಲಿ ಏನೂ ಇಲ್ಲವಲ್ಲ ಸರ್" ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಆ ಮಾತು ಬಹುಮಟ್ಟಿಗೆ ನಿಜ. ಜಮೈಕಾದ ಕುಣಿತದ ಕೂಟಗಳ ಸಂಗೀತವಾದ ಡ್ಯಾನ್ಸ್‌ಹಾಲ್ ರೆಗ್ಗೆ ಡಿಜಿಟಲ್ ಆದ ಕಥೆಯಲ್ಲಿ ನನಗೆ ಮುಖ್ಯವೆನಿಸುವುದೂ ಆ ಖಾಲಿತನವೇ.

ಆ ಲಯ ಸಿಕ್ಕಿದ್ದು ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ. (ಯಾವ ಕಂಪನಿಯ ಕೀಬೋರ್ಡನ್ನಾದರೂ 'ಕ್ಯಾಸಿಯೊ' ಎಂದೇ ಕರೆಯುವ ನಮ್ಮ ಆರ್ಕೆಸ್ಟ್ರಾದವರಿಗೆ ಇದು ಹಿಡಿಸಬಹುದು.) ಅದರಲ್ಲಿ ಮೊದಲೇ ತುಂಬಿಟ್ಟಿದ್ದ 'ರಾಕ್' ಲಯವನ್ನು ರಚಿಸಿದವರು ಓಕುಡಾ ಹಿರೋಕೊ, ಸಂಗೀತ ಕಾಲೇಜಿನಲ್ಲಿ ರೆಗ್ಗೆಯ ಮೇಲೆಯೇ ಪ್ರಬಂಧ ಬರೆದು 1980ರಲ್ಲಿ ಕ್ಯಾಸಿಯೊ ಸೇರಿದ್ದವರು. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಸಂಗೀತಗಾರ ನೋಯಲ್ ಡೇವಿ ಮತ್ತು ಸ್ಮಿತ್ ಆ ಲಯದ ಮೇಲೆ ಹಾಡು ಕಟ್ಟಿಕೊಂಡು, ವಾಟರ್‌ಹೌಸ್ ಪ್ರದೇಶದಲ್ಲಿದ್ದ ನಿರ್ಮಾಪಕ ಕಿಂಗ್ ಜ್ಯಾಮಿಯವರ ಸ್ಟುಡಿಯೊಗೆ ಹೋದರು. ಜ್ಯಾಮಿ ಅದರ ವೇಗವನ್ನು ರೆಗ್ಗೆಯ ನಡೆಗೆ ಇಳಿಸಿದರು, ಪಿಯಾನೊ ಮತ್ತು ಚಪ್ಪಾಳೆ ಸೇರಿಸಿದರು, ಅಷ್ಟಕ್ಕೇ ಕೈ ಬಿಟ್ಟರು.

ಎಲ್ಲಿ ಕೈ ಬಿಡಬೇಕು ಎಂಬುದು ಅವರಿಗೆ ಗೊತ್ತಿದ್ದುದರಲ್ಲಿ ಅಚ್ಚರಿಯಿಲ್ಲ. ಅವರು ಪಳಗಿದ್ದು ಕಿಂಗ್ ಟಬ್ಬಿಯವರ ಬಳಿ, ಅಂದರೆ ಧ್ವನಿಮುದ್ರಿತ ಹಾಡಿನಿಂದ ಒಂದೊಂದೇ ಟ್ರ್ಯಾಕನ್ನು ತೆಗೆದು ಹೊಸ ರೂಪ ಕೊಡುವ ಡಬ್ ಪರಂಪರೆಯಲ್ಲಿ. ಡ್ರಮ್ ಮಷೀನ್‌ಗಳು ಕಿಂಗ್‌ಸ್ಟನ್‌ಗೆ ಈ ಹಾಡಿಗೂ ಮೊದಲೇ ಬಂದಿದ್ದವು. ಇಲ್ಲಿ ಬೇಸ್, ಅಂದರೆ ತಗ್ಗುಸ್ವರಗಳ ಭಾಗ ಕೂಡ ಯಂತ್ರದಿಂದಲೇ ಬಂತು. ಬೇಸ್ ಗಿಟಾರಿನಲ್ಲಿ ಬೆರಳಿನ ಒತ್ತು ಬದಲಾದಂತೆ ಒಂದು ಸ್ವರ ಉಬ್ಬುತ್ತದೆ, ಇನ್ನೊಂದು ಕುಗ್ಗುತ್ತದೆ. ಒಂದೇ ಕೋಣೆಯಲ್ಲಿ ಎಲ್ಲರೂ ನುಡಿಸಿದರೆ ಡ್ರಮ್ಸಿನ ಸದ್ದು ಪಕ್ಕದ ಮೈಕುಗಳಿಗೂ ಸೋರುತ್ತದೆ. ಯಂತ್ರದ ಬೇಸ್ ಪ್ರತಿ ಸಲವೂ ಒಂದೇ ತೂಕದಲ್ಲಿ ಬೀಳುವುದರಿಂದ, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳ ಸೌಂಡ್ ಸಿಸ್ಟಮ್ಮಿನಲ್ಲಿ ಅದನ್ನು ಎಷ್ಟು ಏರಿಸಿದರೂ ಕಲಸಿಹೋಗುವುದು ಕಡಿಮೆ. ಗಿಟಾರ್, ಟ್ರಂಪೆಟ್‌ನಂಥ ಊದುವ ವಾದ್ಯಗಳು ತುಂಬುತ್ತಿದ್ದ ನಡುವಣ ಸ್ಥಾಯಿ ಖಾಲಿಯಾಯಿತು, ಮಾತಿನ ಲಯದಲ್ಲೇ ಹಾಡುವ ಡೀಜೇಯ ದನಿ ಅಲ್ಲಿ ಬಂದು ಕುಳಿತಿತು. ತರಗತಿಯಲ್ಲಿ ಇದೇ ಹಾಡಿಗೆ ನಾನು ಒಂದು ಗಿಟಾರ್ ಟ್ರ್ಯಾಕ್ ಸೇರಿಸಿ ತೋರಿಸುವುದುಂಟು. ಫೇಡರ್ (ಧ್ವನಿಯ ಮಟ್ಟ ಏರಿಸುವ ಜಾರುಗುಂಡಿ) ಅರ್ಧ ಏರುವಷ್ಟರಲ್ಲೇ ಹಾಡುಗಾರ ಹಿಂದಕ್ಕೆ ಸರಿದು ನಿಂತಂತೆ ಕೇಳಿಸುತ್ತದೆ.

1985ರ ಫೆಬ್ರವರಿ 23ರಂದು ಬ್ಲ್ಯಾಕ್ ಸ್ಕಾರ್ಪಿಯೊ ಎಂಬ ಎದುರಾಳಿ ಸೌಂಡ್ ಸಿಸ್ಟಮ್ ತಂಡದೊಂದಿಗೆ ನಡೆದ ಜಿದ್ದಿನಲ್ಲಿ ಜ್ಯಾಮಿ ಈ ರಿಡಿಮ್ ಅನ್ನು, ಅಂದರೆ ಹಾಡಿನಡಿಯ ಡ್ರಮ್ಸ್-ಬೇಸ್ ಹಿನ್ನೆಲೆಯನ್ನು ಬಯಲಿಗೆ ಬಿಟ್ಟರು. ಆಮೇಲೆ ಹಿಂದಿರುಗುವ ಮಾತೇ ಇರಲಿಲ್ಲ. ಸ್ವತಃ ಟಬ್ಬಿ ಅದೇ ವರ್ಷ 'ಟೆಂಪೊ' ರಿಡಿಮ್‌ನೊಂದಿಗೆ ಅದೇ ದಾರಿ ಹಿಡಿದರು. ಒಂದು ರಿಡಿಮ್ ಮೇಲೆ ಹಲವರು ಹಾಡುವುದು ಜಮೈಕಾದಲ್ಲಿ ಹಳೆಯ ಪದ್ಧತಿಯೇ. ಆದರೆ ಪೂರ್ತಿ ವಾದ್ಯತಂಡಕ್ಕೆ ಸಂಭಾವನೆ ಕೊಡದೆ ರಿಡಿಮ್ ಹುಟ್ಟಿಸಬಹುದೆಂದಾದಾಗ ನಿರ್ಮಾಪಕರ ಲೆಕ್ಕವೇ ಬದಲಾಯಿತು, ಸ್ಟುಡಿಯೊ ವಾದಕರಲ್ಲಿ ಅನೇಕರ ಅನ್ನಕ್ಕೆ ಕುತ್ತು ಬಂತು.

ಹಾಗೆಂದು ಯಂತ್ರವೆಂದರೆ ಒಣಕಲು ಧ್ವನಿ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ನಿರ್ಮಾಪಕ ಗಸ್ಸಿ ಕ್ಲಾರ್ಕ್ 1988ರಲ್ಲಿ ಗಾಯಕ ಗ್ರೆಗರಿ ಐಸಾಕ್ಸ್ ಅವರಿಂದ ಹಾಡಿಸಿದ 'ರೂಮರ್ಸ್' ಪೂರಾ ಡಿಜಿಟಲ್ ಆಗಿಯೂ ನುಣುಪಾಗಿದೆ. ಜ್ಯಾಮಿಯವರಲ್ಲಿ ಮುಂದೆ ರಿಡಿಮ್ ಕಟ್ಟಿದ ಸ್ಟೀಲಿ ಮತ್ತು ಕ್ಲೀವಿ ಜೋಡಿಯನ್ನೇ ನೋಡಿ: ಸ್ಟೀಲಿ ರೂಟ್ಸ್ ರ‍್ಯಾಡಿಕ್ಸ್ ತಂಡದ ಕೀಬೋರ್ಡ್ ವಾದಕ, ಕ್ಲೀವಿ ಡ್ರಮ್ಸ್ ವಾದಕ. ವಾದ್ಯತಂಡಗಳನ್ನು ಬದಿಗೆ ಸರಿಸಿದ ಯಂತ್ರದ ಗುಂಡಿಗಳ ಮೇಲೆ ಓಡಾಡುತ್ತಿದ್ದುದು ಆ ತಂಡಗಳಲ್ಲೇ ಪಳಗಿದ ಬೆರಳುಗಳು.